ಬಾರಿಸದೆ ಉಳಿದ ಗಂಗಾಳ

ಸಾಂಬ್ರಾಣಿ ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಶಿವಗಂಗವ್ವ ಉಣ್ಣುವ ಕಂಚಿನ ಗಂಗಾಳ ಹಿಡಿದು ಹಾಜರಾಗುತ್ತಿದ್ದಳು. ಕೂಸಿನ ಕಿವಿಯ ಹತ್ತಿರ ಲಟ್ಟಣಿಗೆಯಿಂದ ಮೂರು ಸಲ ಢಣ್ ಢಣ್ ಎಂದು ಬಾರಿಸಿದರೆ ಅದು ಮುಂದೆ ಗುಡುಗಿಗೂ ಬೆಚ್ಚುವುದಿಲ್ಲ ಎಂಬ ನಂಬಿಕೆ. ಅವಳ ಧ್ವನಿಯೂ ಗಂಗಾಳಕ್ಕೆ ಸೋಲುವಂಥದ್ದಲ್ಲ. ಹೊಲದಲ್ಲಿ ನಿಂತು 'ಹೋ' ಅಂದರೆ ಕಾಡುಹಂದಿ ಓಡುತ್ತಿತ್ತು, ಹಂದಿ ಕಾಯಲು ಕೂತ ಕರಿಬಸಪ್ಪನೂ ಓಡುತ್ತಿದ್ದ.

ಆ ಗಂಗಾಳದ ಮೇಲೊಂದು ತಕರಾರಿತ್ತು. ಅದು ತನ್ನ ಅತ್ತೆಯದು, ಶಿವಗಂಗವ್ವನ ಮನೆಯವರು ಮದುವೆ ಊಟಕ್ಕೆಂದು ಒಯ್ದದ್ದು ತಿರುಗಿ ಬರಲೇ ಇಲ್ಲ ಎನ್ನುತ್ತಿದ್ದಳು ಪಕ್ಕದ ಮನೆಯ ಶಂಕ್ರೆವ್ವ. ಇಪ್ಪತ್ತು ವರ್ಷ ಇಬ್ಬರೂ ನಡುಗೋಡೆಯ ಈಚೆ ಆಚೆ ನಿಂತು ಜಗಳಾಡಿದರು. ಎದುರಿಗೆ ಬಸ್ಸಿಗೆ ಕಾಯುವವರಿಗೆ ಅದೇ ರೇಡಿಯೋ.

೨೦೦೪ರ ಚಳಿಗಾಲದಲ್ಲಿ ಶಿವಗಂಗವ್ವನ ಮಗಳು ಪೂರ್ಣಿಮಾ ಏಳೂವರೆ ತಿಂಗಳಿಗೇ ದಾಂಡೇಲಿಯ ಆಸ್ಪತ್ರೆಯೊಂದರಲ್ಲಿ ಹಡೆದಳು. ಒಂದೂವರೆ ಕಿಲೋ ತೂಕದ ಗಂಡುಕೂಸು ಗಾಜಿನ ಪೆಟ್ಟಿಗೆ ಸೇರಿತು. ಮರುದಿನ ಮೊದಲ ಬಸ್ಸಿಗೇ ಅಜ್ಜಿ ಸೆರಗಿನೊಳಗೆ ಗಂಗಾಳ ಅಡಗಿಸಿಕೊಂಡು ಬಂದಳು. ಬಾಗಿಲಲ್ಲೇ ತುಳಜಾ ಸಿಸ್ಟರ್ ತಡೆದಳು.

"ಸೆರಗಿನಾಗ ಏನೈತ್ರಿ, ಅಜ್ಜಿ?"

"ಏನಿಲ್ಲವಾ, ಹೊಟ್ಟಿ."

ಸಿಸ್ಟರ್ ಬೆರಳಿನಿಂದ ತಟ್ಟಿದಳು. ಹೊಟ್ಟೆ ಠಣ್ ಎಂದಿತು.

"ಅಜ್ಜಿ, ಕೂಸಿನ ಮೆದುಳು ಇನ್ನೂ ಬೆಳ್ಯಾಕತ್ತೈತ್ರಿ. ತಾಯಿ ಹೊಟ್ಯಾಗ ಆಗೋ ಕೆಲಸ ಇಲ್ಲಿ ಆಗಬೇಕು. ಸಪ್ಪಳ ಬ್ಯಾಡ, ಭಾಳ ಬೆಳಕು ಬ್ಯಾಡ, ಸುಮ್‌ಸುಮ್ನ ಮುಟ್ಟೂದೂ ಬ್ಯಾಡ. ಅದಕ್ಕ ನಿದ್ದೀನ ಔಷಧ."

ಶಿವಗಂಗವ್ವ ಯೋಚಿಸಿದಳು. "ಅಂದ್ರ ಇನ್ನೂ ಹಸಿ ಗಡಿಗಿ ಅನ್ನು. ಹಸೀದನ್ನ ಯಾರ ಬಾರಿಸಿ ನೋಡ್ತಾರ?"

ಗಂಗಾಳ ಸಿಸ್ಟರ್ ಕಪಾಟು ಸೇರಿತು. ಅಜ್ಜಿ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಬಾಗಿಲಿನ ಕೀಲುಗಳಿಗೆಲ್ಲ ಬಿಟ್ಟಳು. ಕಿರ್ರೆನ್ನುವ ಡಾಕ್ಟರ ಬೂಟಿಗೂ ಬಿಡಲು ಹೋದಾಗ ಅವರೇ ಅದನ್ನು ಹೊರಗೆ ಕಳಚಿಟ್ಟು ಬಂದರು.

ಹತ್ತನೆಯ ದಿನ ಕೂಸು ಪೆಟ್ಟಿಗೆಯಿಂದ ಹೊರಬಂತು. ಅದನ್ನು ದಿನಾ ತಾಸುಗಟ್ಟಲೆ ಬರಿ ಎದೆಗೆ ಅವಚಿಕೊಂಡಿರಬೇಕು. ಆ ಕಾವಿನಲ್ಲೇ ಅದರ ಉಸಿರು, ನಿದ್ದೆ ನೆಟ್ಟಗಾಗುತ್ತವೆ. ಪೂರ್ಣಿಮಾಗೆ ಜ್ವರ. ಪಾಳಿ ಅಜ್ಜಿಗೆ ಬಂತು.

"ಮಾತಾಡಿದ್ರ ಕೂಸನ್ನ ಇಸ್ಕೊಂತೀನಿ" ಎಂದಳು ಸಿಸ್ಟರ್.

ಸವತೆಕಾಯಿಯಷ್ಟು ಕೂಸು ಅಜ್ಜಿಯ ಗದ್ದದ ಕೆಳಗೆ ನೆತ್ತಿ ಆನಿಸಿ ಮಲಗಿತು. ಹುಟ್ಟಿದಾಗಿನಿಂದ ಶಿವಗಂಗವ್ವ ಒಂದು ತಾಸು ಬಾಯಿ ಮುಚ್ಚಿದ್ದು ಅದೇ ಮೊದಲು. ಆಗಲೇ ಕೂಸನ್ನು ನೋಡಲು ಶಂಕ್ರೆವ್ವ ಬಂದಳು. ಕೈ ತೊಳೆದು, ಪಿಸುಮಾತೇ ಆಡುತ್ತೇನೆಂದು ಒಪ್ಪಿ ಒಳಬಂದಿದ್ದಳು.

"ನಿದ್ದಿ ಹತ್ತೈತೇನು?"

ಶಿವಗಂಗವ್ವ ಕಣ್ಣು ಮಿಟುಕಿಸಿದಳು. ಆ ಮುಚ್ಚಿದ ಬಾಯಿಯನ್ನು ಶಂಕ್ರೆವ್ವ ಎರಡು ಸಲ ನೋಡಿದಳು. ಇಂಥ ಹೊತ್ತು ಮತ್ತೆ ಬರಲಿಕ್ಕಿಲ್ಲ.

"ಗಂಗವ್ವಾ, ಆ ಗಂಗಾಳ ನಮ್ಮತ್ತೀದು. ಅಲ್ಲಂದ್ರ ಅಲ್ಲನ್ನು. ಸುಮ್ಮನಿದ್ರ ಒಪ್ಪಿದಂಗ."

ಇಪ್ಪತ್ತು ವರ್ಷದ ಉತ್ತರ ಒಟ್ಟಿಗೇ ಶಿವಗಂಗವ್ವನ ಗಂಟಲಿಗೆ ಬಂತು. ತಲೆ ಅಲ್ಲಾಡಿಸೋಣವೆಂದರೆ ಗದ್ದದ ಕೆಳಗೇ ನೆತ್ತಿ. ಕೈ ಬೀಸೋಣವೆಂದರೆ ಎರಡೂ ಕೂಸಿನ ಬೆನ್ನ ಮೇಲೆ. ಮುಖ ಬದನೆಕಾಯಿಯಾಯಿತು. ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸಿತು. ಅವಳು ಅಷ್ಟನ್ನೂ ನುಂಗಿದಳು.

"ಒಪ್ಪಿದ್ಲು! ಸಿಸ್ಟರ್, ನೀವ ಸಾಕ್ಷಿ" ಎಂದು ಪಿಸುಗುಟ್ಟಿ, ಶಂಕ್ರೆವ್ವ ಕಪಾಟಿನಲ್ಲಿದ್ದ ಗಂಗಾಳ ಹೊತ್ತುಕೊಂಡೇ ಹೋದಳು.

ತಿಂಗಳ ಮೇಲೆ, ಎರಡು ಕಿಲೋ ದಾಟಿದ ಕೂಸು ಸಾಂಬ್ರಾಣಿಗೆ ಬಂತು. ತೊಟ್ಟಿಲಿಗೆ ಹಾಕಿದ್ದೇ ತಡ, ಶಿವಗಂಗವ್ವ ಗೋಡೆಯ ಹತ್ತಿರ ಹೋಗಿ ಬಾಯಿ ತೆರೆದಳು. ಬಂದದ್ದು ಪಿಸುಮಾತು. ರೂಢಿಯಾಗಿಬಿಟ್ಟಿತ್ತು.

"ಗಂಗಾಳ ನಂದು."

"ಅವತ್ತು ಒಪ್ಪಿದ್ಯಲ್ಲ?" ಎಂದಳು ಶಂಕ್ರೆವ್ವ, ಅವಳೂ ಮೆಲ್ಲಗೆ.

"ಕೂಸು ಮಲಗಿತ್ತಲೇ, ಕಳ್ಳಿ."

ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರೇ ಬಂದು ಗೋಡೆಗೆ ಕಿವಿ ಕೊಟ್ಟರು. ಕರಿಬಸಪ್ಪನಿಗೆ ತಡೆಯಲಾಗಲಿಲ್ಲ.

"ಏನೂ ಕೇಳವಲ್ದು, ಒಂದೀಟು ಜೋರಾಗಿ ಬೈದಾಡ್ರಬೇ!"

"ಶ್ಶ್ಶ್!" ಎಂದು ಇಬ್ಬರೂ ಒಟ್ಟಿಗೇ ಅವನ ಮೇಲೆ ತಿರುಗಿದರು. ಆ ರಭಸಕ್ಕೇ ಕೂಸು ಎದ್ದಿತು. ಎದ್ದು ಅತ್ತ ಅಳುವಿಗೆ ಕರಿಬಸಪ್ಪ ಮತ್ತೆ ಓಡಿದ.

ಶಂಕ್ರೆವ್ವ ಒಳಗೆ ಹೋಗಿ ಗಂಗಾಳ ತಂದು ಗೋಡೆಯ ಮೇಲಿಂದ ಚಾಚಿದಳು.

"ತಗೊ. ಇಂಥಾ ಗಂಟಲಿನ ಕೂಸಿಗೆ ಇನ್ನೇನು ಬಾರಿಸ್ತಿ? ಬಾಣಂತಿ ಉಣ್ಣಾಕರ ಆಗ್ತೈತಿ."

ಶಿವಗಂಗವ್ವ ಅದನ್ನು ಸದ್ದಾಗದಂತೆ ಸೆರಗಿನಲ್ಲಿ ಸುತ್ತಿಕೊಂಡಳು. "ನಿಮ್ಮತ್ತೀದ ಇರಬೇಕು ಬಿಡು" ಅಂದಳು. ಎಷ್ಟು ಮೆಲ್ಲಗೆ ಅಂದಳೆಂದರೆ, ಶಂಕ್ರೆವ್ವನಿಗೆ ಕೇಳಲೇ ಇಲ್ಲ.