ಗಜಣ್ಣನ ಕವಳದ ತಟ್ಟೆ

ಗಜಣ್ಣನ ಕವಳದ ತಟ್ಟೆಯಲ್ಲಿ ಅಡಿಕೆ ಹೋಳು ಯಾವುದು, ಕಂಪ್ಯೂಟರಿನ ಸ್ಕ್ರೂ ಯಾವುದು ಎಂದು ಗುರುತಿಸಲು ಸ್ವಲ್ಪ ಅಭ್ಯಾಸ ಬೇಕಾಗುತ್ತಿತ್ತು. ಹಿತ್ತಾಳೆಯ ಹಳೇ ತಟ್ಟೆ ಅದು. ಒಂದು ಬದಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆ, ನಡುವೆ ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ಚೂರು. ಉಳಿದ ಜಾಗದಲ್ಲೆಲ್ಲ ಸ್ಕ್ರೂ, ವಾಶರು, ಜಂಪರ್ ಎಂದು ಕರೆಯುವ ಪುಟಾಣಿ ಕಪ್ಪು ಟೊಪ್ಪಿಗೆಗಳು. ಒಮ್ಮೆ ಯಾರೋ ಹಿರಿಯರು ಮಾತಿನ ಭರದಲ್ಲಿ ಜಂಪರನ್ನೇ ಬಾಯಿಗೆ ಹಾಕಿ ಕಡಿದು, "ಇದು ಯಾವ ಊರಿನ ಲವಂಗನಾ?" ಎಂದು ಕೇಳಿದ್ದರಂತೆ. ಗಜಣ್ಣ ತಲೆ ಎತ್ತದೆ "ತೈವಾನಿಂದು" ಅಂದನಂತೆ. ಈ ಕಥೆಯನ್ನು ಅವನೇ ಹೇಳುತ್ತಿದ್ದ, ಹೇಳುವಾಗ ಮಾತ್ರ ನಗುತ್ತಿರಲಿಲ್ಲ.

ಅವನ ಅಂಗಡಿ ಶಿರಸಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲಿತ್ತು. ಮೊದಲು ರೇಡಿಯೊ, ಆಮೇಲೆ ಟೀವಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರು. ಬಿಡಿಭಾಗ ತರಿಸಿ ಜೋಡಿಸಿ ಕೊಡುತ್ತಿದ್ದ. ಕಂಪನಿಯ ಮಾಲು ಕೈಗೆಟುಕದ ನಮ್ಮಂಥವರಿಗೆಲ್ಲ ಅವನೇ ಗತಿ. ಯಾವ ವಯರನ್ನೇ ಆಗಲಿ ಚುಚ್ಚುವ ಮುಂಚೆ ಅವನದೊಂದು ಕ್ರಮವಿತ್ತು: ವಯರಿನ ಮೂತಿಯನ್ನು ಕಣ್ಣಿನ ಹತ್ತಿರ ಹಿಡಿದು, ತೋರುಬೆರಳಿನ ಉಗುರಿನಿಂದ ಒಳಗೊಮ್ಮೆ ಕೆರೆದು, ಉಫ್ ಎಂದು ಊದಿ, ಆಮೇಲೆ ಒತ್ತುವುದು. ಇಷ್ಟು ಮಾಡದೆ ಒಂದು ಮೌಸನ್ನೂ ಅವನು ಚುಚ್ಚಿದ್ದನ್ನು ನಾನು ಕಂಡಿಲ್ಲ. "ಕೊಳೆ ಇದ್ದಲ್ಲಿ ಕರೆಂಟು ಹೋಗ್ತಿಲ್ಲೆ ತಂಗಿ" ಎನ್ನುತ್ತಿದ್ದ.

ನನಗೆ ಯಲ್ಲಾಪುರದಲ್ಲಿ ಒಂದು ಫೋಟೊ ಸ್ಟುಡಿಯೊ. ಹೆಂಗಸು ಫೋಟೊ ತೆಗೆಯುತ್ತಾಳೆ ಎಂದು ಮೊದಮೊದಲು ಜನ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಆಮೇಲೆ ಅದೇ ಕಾರಣಕ್ಕೆ ಮದುಮಗಳ ಕಡೆಯವರು ನನ್ನನ್ನೇ ಕರೆಯತೊಡಗಿದರು. ಹೊಸ ಶತಮಾನ ಬಂದು ಎರಡು ಮೂರು ವರ್ಷಕ್ಕೆ ಪೇಟೆಯ ಇನ್ನೊಂದು ಸ್ಟುಡಿಯೊದವನು ಡಿಜಿಟಲ್ ಕ್ಯಾಮೆರಾ ತಂದ. ನಾನು ರೋಲನ್ನು ಹುಬ್ಬಳ್ಳಿಗೆ ಕಳಿಸಿ, ಅದು ತೊಳೆದು ಬರುವ ದಾರಿ ಕಾಯುತ್ತಿರುವಾಗ ಅವನು ಮರುದಿನವೇ ಪ್ರಿಂಟು ಕೈಗೆ ಕೊಡುತ್ತಿದ್ದ. ಇನ್ನೊಂದು ಲಗ್ನದ ಸೀಸನ್ ಹೀಗೇ ಹೋದರೆ ಬಾಗಿಲು ಹಾಕುವುದೇ ಎಂದು ಗೊತ್ತಾಯಿತು. ಹೇಗೋ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಉಳಿದ ದುಡ್ಡಿನಲ್ಲಿ ಒಂದು ಕಂಪ್ಯೂಟರು ಆಗಬೇಕಿತ್ತು. ಶಿರಸಿ ಬಸ್ಸು ಹತ್ತಿದೆ.

ನನಗೆ ಬೇಕಾದದ್ದು ಏನು ಎಂದು ನಾನು ಓದಿಕೊಂಡೇ ಹೋಗಿದ್ದೆ. ಕ್ಯಾಮೆರಾದಿಂದ ಫೋಟೊ ಇಳಿಸುವುದು ಯುಎಸ್‌ಬಿ ಎಂಬ ಚಪ್ಪಟೆ ತೂತಿನಿಂದ. ಅದರಲ್ಲಿ ಹಳೆಯದು, ಹೊಸದು ಎಂದು ಎರಡು ತರ. ನೋಡಲು ಒಂದೇ, ಹೊಸದರ ಓಟ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಹೊಸದು ಬೇಕೆಂದರೆ ಹೊಸ ಮದರ್‌ಬೋರ್ಡು ಬೇಕು. ಹೊಸ ಬೋರ್ಡು ಹಾಕಿದರೆ ಮೆಮೊರಿಗೆ ಕತ್ತರಿ. ನನ್ನ ಶಕ್ತಿಗೆ ಎರಡರಲ್ಲಿ ಒಂದೇ.

"ತೂತಿಗೆ ದುಡ್ಡು ಹಾಕಡ, ಹೊಟ್ಟೆಗೆ ಹಾಕು" ಅಂದ ಗಜಣ್ಣ. ಹೊಟ್ಟೆ ಎಂದರೆ ಮೆಮೊರಿ.

"ಗಜಣ್ಣ, ನನ್ನ ಕೆಲಸ ಇರೂದೇ ಆ ತೂತಲ್ಲಿ. ಕ್ಯಾಮೆರಾದಿಂದ ಬೇಗ ಇಳೀಲಿಲ್ಲ ಅಂದ್ರೆ ಹೊಟ್ಟೆ ಎಷ್ಟು ದೊಡ್ಡದಿದ್ರೆ ಎಂತ ಮಾಡೂದು?"

"ಆನು ಹೇಳದ್ದು ಕೇಳು. ಹೊಸ ತೂತು ಬಾಳ್ತಿಲ್ಲೆ. ಒಳಗೆ ಇಪ್ಪದೇ ನಾಕು ಪಟ್ಟಿ, ಕೂದಲಷ್ಟು ತೆಳು. ಸಿದ್ದಾಪುರದ ಟೈಪಿಂಗ್ ಕ್ಲಾಸಿಂದು ಬಂತು, ಸತ್ತಿತ್ತು. ಇಸಳೂರಿನ ಮಾಸ್ತರ್ರದ್ದು ಬಂತು, ಅದೂ ಸತ್ತಿತ್ತು. ಪ್ರಿಂಟರಿನ ಅಗಲ ತೂತು ನೋಡು, ದಪ್ಪ ಪಿನ್ನು, ಸ್ಕ್ರೂ ಹಾಕಿ ಬಿಗಿಯದು. ಒಂದಾದ್ರೂ ಸತ್ತಿದ್ದ? ಇಲ್ಲೆ."

"ಅವ್ರದ್ದು ಸತ್ತರೆ ನಂದೂ ಸಾಯ್ಬೇಕಾ?"

"ನಿಂದು ಎಂತ ದೇವಲೋಕದಿಂದ ಬತ್ತ?" ಎಂದು ಎಲೆಗೆ ಸುಣ್ಣ ಹಚ್ಚತೊಡಗಿದ. ಕವಳ ಬಾಯಿಗೆ ಹೋಯಿತೆಂದರೆ ಗಜಣ್ಣನ ಜೊತೆ ವಾದ ಮುಗಿದ ಹಾಗೆ. ಆಮೇಲೆ ಏನು ಕೇಳಿದರೂ "ಹ್ಞೂಂ" ಒಂದೇ ಉತ್ತರ. ಗೋಡೆಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಬೇರೆ ಅಂಗಡಿಗೆ ಹೋಗಬಹುದಿತ್ತು. ಆದರೆ ರಿಪೇರಿಗೆ ಯಲ್ಲಾಪುರದ ತನಕ ಬಸ್ಸು ಹತ್ತಿ ಬರುವವನು ಇವನೊಬ್ಬನೇ. ಒಪ್ಪಿಕೊಂಡೆ. ಹಳೇ ಬೋರ್ಡು, ಹಳೇ ಯುಎಸ್‌ಬಿ ತೂತು, ದೊಡ್ಡ ಹೊಟ್ಟೆ.

ಸುಳ್ಳು ಹೇಳಬಾರದು, ಹೊಟ್ಟೆ ಒಳ್ಳೆಯದೇ ಇತ್ತು. ಫೋಟೊ ಒಮ್ಮೆ ಒಳಗೆ ಬಂತೆಂದರೆ ತಿದ್ದುವುದು ಸಲೀಸು. ಬರುವುದೇ ಕಷ್ಟ. ಕ್ಯಾಮೆರಾ ಚುಚ್ಚಿಟ್ಟು, ಚಾ ಕಾಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧದಲ್ಲೇ ಇರುತ್ತಿತ್ತು. ಅದನ್ನು ನೋಡುತ್ತ ಕೂರುವಾಗೆಲ್ಲ ಗಜಣ್ಣನಿಗೆ ಸಹಸ್ರನಾಮ ಆಗುತ್ತಿತ್ತು.

ಆಮೇಲೆ ಮಂಚಿಕೇರಿಯ ಮದುವೆ ಬಂತು. ಮದುಮಗ ಸಿದ್ದಾಪುರ ಕಡೆಯವನು. ಮದುಮಕ್ಕಳು ಹೊಸಿಲು ದಾಟುವಾಗ ಅವರ ಮದುವೆಯ ಫೋಟೊ ಅಲ್ಲಿಯ ಗೋಡೆಯ ಮೇಲಿರಬೇಕು ಎಂದು ಮದುಮಗಳ ಸೋದರಮಾವನಿಗೆ ಆಸೆ. "ದಿಬ್ಬಣ ಹೊರಡೂದ್ರೊಳಗೆ ಗಾಜಿನ ಕಟ್ಟು ಹಾಕಿ ಕೊಡ್ತೆ, ಮದುವೆ ಮನೇಲೇ" ಎಂದು ನಾನು ಜಂಬದಿಂದ ಒಪ್ಪಿಕೊಂಡಿದ್ದೆ. ಪೇಟೆಯ ಇನ್ನೊಬ್ಬನಿಗೆ ಅದು ಸಾಧ್ಯವಿರಲಿಲ್ಲ. ಆವತ್ತು ಗೆದ್ದರೆ ಮುಂದಿನ ಲಗ್ನಗಳೆಲ್ಲ ನನಗೇ. ಜೀಪಿನಲ್ಲಿ ಕಂಪ್ಯೂಟರು, ಪ್ರಿಂಟರು ಹೇರಿಕೊಂಡು ಹೋದೆ.

ಧಾರೆಯಾಯಿತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಉಗ್ರಾಣದ ಮೂಲೆಯಲ್ಲಿ, ಬಾಳೆಗೊನೆಯ ಪಕ್ಕ, ಕ್ಯಾಮೆರಾ ಚುಚ್ಚಿದೆ. ಹಸಿರು ಪಟ್ಟಿ ಆಮೆಯ ಹಾಗೆ ಹೊರಟಿತು. ಸ್ವಲ್ಪ ದೂರ ಹೋಗಿ ನಿಂತಿತು. ಕಿತ್ತು ಮತ್ತೆ ಚುಚ್ಚಿದೆ. ಕ್ಯಾಮೆರಾ ಇದೆ ಎಂಬುದೇ ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ಪಕ್ಕದ ತೂತೂ ಹಾಗೇ. ಪ್ರಿಂಟರು ಮಾತ್ರ ತನ್ನ ಅಗಲ ತೂತಿನಲ್ಲಿ ಸ್ಕ್ರೂ ಬಿಗಿದುಕೊಂಡು, ಕಾಗದ ಕಚ್ಚಿಕೊಂಡು ತಯಾರಾಗಿ ನಿಂತಿತ್ತು. ಮದುವೆ ಮನೆಯ ಫೋನಿನಿಂದ ಶಿರಸಿಗೆ ಕರೆದೆ.

"ಸತ್ತೋತಾ?" ಅಂದ ಗಜಣ್ಣ. ಆ ದನಿಯಲ್ಲಿ ದುಃಖವಿರಲಿಲ್ಲ. "ಆನು ಮೊದ್ಲೇ ಹೇಳಿದ್ನಿಲ್ಯ, ಆ ಜಾತಿ ತೂತೇ ಬಾಳ್ತಿಲ್ಲೆ ಹೇಳಿ? ಹಳೇದೇ ಹಿಂಗೆ, ಹೊಸದಾಗಿದ್ರೆ ಇನ್ನೂ ಮೊದ್ಲೇ ಹೋಗ್ತಿತ್ತು."

ಅವನು ಆರಿಸಿ, ಅವನು ಜೋಡಿಸಿ, ಅವನು ಕೊಟ್ಟದ್ದು ಕೆಟ್ಟಿದೆ. ಅದೂ ಅವನ ಮಾತಿಗೇ ಸಾಕ್ಷಿ! ಫೋನು ಕುಕ್ಕಿದೆ. ಹೊರಗೆ ದಿಬ್ಬಣದ ಬಸ್ಸು ಹಾರ್ನ್ ಹಾಕುತ್ತಿತ್ತು. ಸೋದರಮಾವ ಬಂದು ಖಾಲಿ ಕಟ್ಟು ನೋಡಿದರು. ಬೈಯಲಿಲ್ಲ. "ಅಡ್ಡಿಲ್ಲೆ ತಂಗಿ, ಬೇಜಾರ ಮಾಡ್ಕಳಡ" ಎಂದು ಬಸ್ಸು ಹತ್ತಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಸೀಸನ್ನಿನಲ್ಲಿ ಮಂಚಿಕೇರಿ ಕಡೆಯಿಂದ ಮತ್ತೊಂದು ಮದುವೆ ನನ್ನ ಪಾಲಿಗೆ ಬರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಗಜಣ್ಣ ಸ್ಟುಡಿಯೊದ ಮೆಟ್ಟಿಲ ಮೇಲಿದ್ದ, ತಟ್ಟೆಯನ್ನು ಪಂಚೆಯಲ್ಲಿ ಗಂಟು ಕಟ್ಟಿಕೊಂಡು. ಹಳೇ ಬೋರ್ಡಿಗೇ ಸಿಕ್ಕಿಸಬಹುದಾದ ಒಂದು ಕಾರ್ಡು ತಂದಿದ್ದ, ಅದರಲ್ಲಿ ಹೊಸ ಯುಎಸ್‌ಬಿ ತೂತುಗಳು. ಇಂಥದ್ದು ಸಿಗುತ್ತದೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀ ಕೇಳಿದ್ದಿಲ್ಲೆ" ಅಂದ. ನನಗೆ ಕ್ಯಾಮೆರಾ ಎತ್ತಿ ಅವನ ತಲೆಗೆ ಹಾಕುವಷ್ಟು ಸಿಟ್ಟು. ಅವನು ಶಾಂತವಾಗಿ ಕಾರ್ಡು ಕೂರಿಸಿ, ವಯರಿನ ಮೂತಿ ಕೆರೆದು, ಊದಿ, ಚುಚ್ಚಿದ. ಹಸಿರು ಪಟ್ಟಿ ಸರ್ರನೆ ಓಡಿತು. ಎರಡು ಮಾತಾಡುವುದರೊಳಗೆ ಕ್ಯಾಮೆರಾದ ಫೋಟೊ ಎಲ್ಲ ಇಳಿದಿತ್ತು. "ಓಡ್ತು" ಎಂದು ಒಪ್ಪಿಕೊಂಡ ಗಜಣ್ಣ, ಕೂಡಲೇ ಸೇರಿಸಿದ: "ಎಷ್ಟು ದಿನ ಹೇಳಿ ನೋಡವು."

ಹೆಚ್ಚು ದಿನ ಓಡಲಿಲ್ಲ. ತಿಂಗಳು ತುಂಬುವ ಮೊದಲೇ ಅದೂ ಮೂಕವಾಯಿತು. ಈ ಸಲ ನಾನು ಫೋನು ಮಾಡಲಿಲ್ಲ. ಆ "ಸತ್ತೋತಾ?" ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ. ನೆಗೆಟಿವ್ ನೋಡುವ ಭೂತಗನ್ನಡಿಯನ್ನು ಕಣ್ಣಿಗಿಟ್ಟು ವಯರಿನ ಮೂತಿಯೊಳಗೆ ಇಣುಕಿದೆ. ನಾಲ್ಕು ಪಟ್ಟಿಯ ಮೇಲೂ ಬೆಳ್ಳಗೆ ಏನೋ ಒಣಗಿ ಅಂಟಿತ್ತು. ಸೂಜಿಯಲ್ಲಿ ಕೆರೆದರೆ ಪುಡಿ ಉದುರಿತು. ಗೋಡೆಗೆ ಬಳಿದದ್ದು ಒಣಗಿ ಏಳುತ್ತದಲ್ಲ, ಅದೇ ಪುಡಿ. ಸುಣ್ಣ! ಲೆನ್ಸ್ ಒರೆಸುವ ಸ್ಪಿರಿಟ್ಟಿನಿಂದ ಒರೆಸಿ ಚುಚ್ಚಿದೆ. ಏನೂ ಆಗಿಯೇ ಇಲ್ಲವೆಂಬಂತೆ ಕ್ಯಾಮೆರಾ ಪರದೆಯ ಮೇಲೆ ಬಂತು.

ಗಜಣ್ಣ ಕಣ್ಣ ಮುಂದೆ ಬಂದ. ಎಲೆಗೆ ಸುಣ್ಣ ಹಚ್ಚುವ ಬೆರಳು, ಕೆರೆಯುವ ಉಗುರು, ಕವಳದ ಬಾಯಿಯಿಂದ ಊದುವ ಉಫ್. ಪ್ರಿಂಟರಿನ ದಪ್ಪ ಪಿನ್ನುಗಳಿಗೆ ಅದು ಲೆಕ್ಕಕ್ಕಿಲ್ಲ, ಬಿಗಿದ ರಭಸಕ್ಕೇ ಉಜ್ಜಿಹೋಗುತ್ತದೆ. ಕೂದಲಷ್ಟು ತೆಳುವಾದ ಪಟ್ಟಿಗೆ ಅದೇ ಸಾವು. ಹೊಸ ತೂತು ಬಾಳುವುದಿಲ್ಲ ಎಂದು ಊರಿಗೆಲ್ಲ ಸಾರುತ್ತಿದ್ದವನೇ ಊರೆಲ್ಲ ತಿರುಗಿ ಅವನ್ನು ಕೊಲ್ಲುತ್ತಿದ್ದ. ನನ್ನ ಮಂಚಿಕೇರಿ ಮದುವೆಯನ್ನೂ ಸೇರಿಸಿ.

ಕಾರ್ಡಿನ ಜೊತೆ ಅವನೇ ಕೆರೆದು, ಊದಿ ಕೊಟ್ಟಿದ್ದ ಇನ್ನೊಂದು ಯುಎಸ್‌ಬಿ ವಯರನ್ನು ಒರೆಸದೆ, ಭೂತಗನ್ನಡಿಯೊಂದಿಗೆ ಚೀಲಕ್ಕೆ ಹಾಕಿಕೊಂಡು ಶಿರಸಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಮಸೆದಿಟ್ಟುಕೊಂಡಿದ್ದೆ. ಮಹಡಿ ಹತ್ತಿ ಆ ವಯರನ್ನೂ ಭೂತಗನ್ನಡಿಯನ್ನೂ ಅವನ ಮುಂದೆ ಹಿಡಿದೆ.

"ಎಂತ ಇದು?"

"ನೀವೇ ನೋಡಿ."

ನೋಡಿದ. ಕನ್ನಡಿ ಕೆಳಗಿಟ್ಟು ತನ್ನ ತೋರುಬೆರಳನ್ನು ನೋಡಿದ. ಉಗುರಿನ ಸಂದಿಯಲ್ಲಿ ಆಗಷ್ಟೇ ಹಚ್ಚಿದ ಸುಣ್ಣ ಹಸಿಯಾಗಿತ್ತು. ಮತ್ತೆ ಕನ್ನಡಿ ಎತ್ತಿ ವಯರನ್ನು ನೋಡಿದ. ಎದ್ದು ಹೋಗಿ ಕಿಟಕಿಯಿಂದಾಚೆ ಕವಳ ಉಗಿದು ಬಂದ. ಗಜಣ್ಣ ಅರ್ಧ ಕವಳ ಉಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹಂಗಾರೆ ಸಿದ್ದಾಪುರದ್ದು?" ಅಂದ.

ನಾನು ಹೌದೆಂದು ತಲೆಯಾಡಿಸಿದೆ.

"ಮಾಸ್ತರ್ರದ್ದೂವ?"

"ಕವಳ ಬಿಡಿ ಗಜಣ್ಣ" ಎಂದಷ್ಟೇ ಹೇಳಿದೆ.

"ಅದೊಂದು ಹೇಳಡ ತಂಗಿ. ಕವಳ ಬಿಟ್ಟು ಬದುಕಲೆ ಆನೆಂತ ಸನ್ಯಾಸಿಯ?"

ಬಿಡಲಿಲ್ಲ. ಬದಲಿಗೆ ಒಂದು ವ್ರತ ಹಿಡಿದ: ಯುಎಸ್‌ಬಿ ಮುಟ್ಟುವುದಿಲ್ಲ. ಬೋರ್ಡು ಕೂರಿಸುತ್ತಿದ್ದ, ಸ್ಕ್ರೂ ಬಿಗಿಯುತ್ತಿದ್ದ, ಆ ಚಪ್ಪಟೆ ವಯರಿನ ಸರದಿ ಬಂದಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, "ನೀನೇ ಚುಚ್ಚು" ಎಂದು ಗಿರಾಕಿಗೇ ಹೇಳುತ್ತಿದ್ದ. ಹೊಸ ತೂತು ಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ, "ಹೊಸದೇ ಹಾಕ್ಸು, ಅಡ್ಡಿಲ್ಲೆ. ಆದ್ರೆ ಆನು ಮುಟ್ತಿಲ್ಲೆ" ಎಂದು ಉತ್ತರ. ಕಾರಣ ಕೇಳಿದವರಿಗೆ ಕವಳದ ಬಾಯಿಂದ "ಹ್ಞೂಂ". ಮಡಿ ಎಂದುಕೊಂಡವರೂ ಇದ್ದರು. ನನಗಂತೂ ಅವನನ್ನು ಹಾಗೆ ನೋಡಿದಾಗ ನಗುವೂ ಬರುತ್ತಿತ್ತು, ಮಂಚಿಕೇರಿಯ ಖಾಲಿ ಕಟ್ಟೂ ನೆನಪಾಗುತ್ತಿತ್ತು. ಸ್ಟುಡಿಯೊ ಹೇಗೋ ಉಳಿದುಕೊಂಡಿತು. ಮುಂದಿನ ವರ್ಷ ಮಾಗೋಡಿನ ಒಂದು ಮದುವೆಯಲ್ಲಿ ದಿಬ್ಬಣಕ್ಕಿಂತ ಮೊದಲೇ ಫೋಟೊ ಕೊಟ್ಟೆ.

ಕೆಲವು ವರ್ಷ ಕಳೆದು ಆ ಕಂಪ್ಯೂಟರು ಮುದಿಯಾಯಿತು. ಗಜಣ್ಣನಿಗೆ ಮೈ ಸರಿಯಿಲ್ಲ ಎಂದು ಕೇಳಿದ್ದೆ, ಏನೆಂದು ತಿಳಿದಿರಲಿಲ್ಲ. ಹೊಸದೊಂದನ್ನು ಜೋಡಿಸಿಕೊಡಲು ಫೋನಿನಲ್ಲಿ ಹೇಳಿ, ಆಮೇಲೆ ಹೋದೆ. ಮಹಡಿಯ ಬಾಗಿಲಲ್ಲೇ ಕಾಲು ನಿಂತಿತು. ಗಜಣ್ಣ ಕವಳ ಇಡುತ್ತಿದ್ದ ಬಲಗೆನ್ನೆಯನ್ನು ಕೊಯ್ದು ಬಟ್ಟೆಯ ಪಟ್ಟಿ ಹಾಕಿದ್ದರು, ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು. ಮುಂದಿದ್ದ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದ್ದರು. ಎಲೆಯಿಲ್ಲ, ಸುಣ್ಣದ ಡಬ್ಬಿಯಿಲ್ಲ, ಬರೀ ಸ್ಕ್ರೂ. ಅಷ್ಟು ಚೊಕ್ಕಟವಾದ ತಟ್ಟೆಯನ್ನು ನಾನು ಅಲ್ಲಿ ಕಂಡದ್ದೇ ಇಲ್ಲ.

ಕಂಪ್ಯೂಟರು ತಯಾರಿತ್ತು. ಹಿಂದೆ, ಮುಂದೆ, ಎಲ್ಲ ಕಡೆಯೂ ಹೊಸ ತೂತು. ನಾನು ರೂಢಿಯಂತೆ ಕ್ಯಾಮೆರಾದ ವಯರು ತೆಗೆದು ಚುಚ್ಚಲು ಬಗ್ಗಿದೆ. ಗಜಣ್ಣ ಕೈ ಚಾಚಿದ.

ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದ. ತೋರುಬೆರಳಿನ ಉಗುರಿನಿಂದ ಒಳಗೊಮ್ಮೆ ಕೆರೆದ. ಊದಲು ಹೋದ, ತುಟಿ ಕೂಡಲಿಲ್ಲ, ಗಾಳಿ ಬದಿಯಿಂದ ಹೋಯಿತು. ಮತ್ತೊಮ್ಮೆ ಪ್ರಯತ್ನಿಸಿ, ಬಿಟ್ಟು, ವಯರು ಚುಚ್ಚಿದ. ದೀಪ ಹತ್ತಿತು. ನನ್ನ ಕಡೆ ತಿರುಗಿ ಬೆರಳು ಎತ್ತಿ ತೋರಿಸಿದ. ಎಳೆ ಮಗುವಿನ ಬೆರಳಿನಷ್ಟು ಚೊಕ್ಕಟವಾಗಿತ್ತು.

"ಈಗ ಮುಟ್ಲಕ್ಕು" ಅಂದ. ಮಾತು ತೊದಲಿದರೂ ನನಗೆ ಅರ್ಥವಾಯಿತು.

ಮಳೆಗಾಲ ಹಿಡಿಯುವ ಮುಂಚೆ ಗಜಣ್ಣ ಹೋದ. ಅಂಗಡಿಯ ಜಾಗದಲ್ಲಿ ಈಗ ಮೊಬೈಲು ಮಾರುತ್ತಾರೆ. ಅವನು ಕೊನೆಗೆ ಜೋಡಿಸಿಕೊಟ್ಟ ಆ ಕಂಪ್ಯೂಟರು ಇನ್ನೂ ನಡೆಯುತ್ತಿದೆ, ಒಂದು ತೂತೂ ಸತ್ತಿಲ್ಲ. ಗಿರಾಕಿಗಳಿಲ್ಲದಾಗ ಒಮ್ಮೊಮ್ಮೆ ಆ ವಯರನ್ನು ಕಿತ್ತು, ಭೂತಗನ್ನಡಿ ಇಟ್ಟು ಒಳಗೆ ನೋಡುತ್ತೇನೆ. ನಾಲ್ಕೂ ಪಟ್ಟಿ ಫಳಫಳ ಎನ್ನುತ್ತವೆ. ಒಂದು ಬಿಳಿ ಚುಕ್ಕೆಯಾದರೂ ಇರಬಾರದಿತ್ತೇ ಎಂದು ಅವನ ಮೇಲೆ ಮತ್ತೆ ಸಿಟ್ಟು ಬರುತ್ತದೆ.