ಎಡಜೇಬಿನ ಪಾಠ

ಬೀದಿ ಇನ್ನೂ ಆಕಳಿಸುತ್ತಿರುವ ಹೊತ್ತು. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಬಾಯಿ ತೆರೆದು ಕೂತಿದೆ. ಒಳಗಿನ ಇದ್ದಿಲು ಅಂಚಿನಲ್ಲಿ ಮಾತ್ರ ಕೆಂಪಾಗಿದೆ. ಅದು ಪೂರ್ತಿ ಕೆಂಡವಾಗುವ ತನಕ ಇಸ್ತ್ರಿಯವರಿಗೆ ಕೆಲಸವಿಲ್ಲ ಅಂದುಕೊಂಡರೆ ನೀವೂ ನನ್ನಂತೆಯೇ ಮೋಸ ಹೋಗುತ್ತೀರಿ. ಅವರು ಬಾಗಿಲಿನ ಪರದೆ ಎಳೆಯುತ್ತಾರೆ. ಮಡಿಸಿದ ಬೆಡ್‌ಶೀಟುಗಳ ಎರಡು ರಾಶಿಗಳ ನಡುವೆ ಮೊಬೈಲ್ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಪಠ್ಯಪುಸ್ತಕ ಬಿಚ್ಚಿಟ್ಟು, ಕನ್ನಡಕ ಏರಿಸಿ, ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಡುತ್ತಾರೆ.

“ಮಕ್ಕಳೇ, ಇವತ್ತು ಮಣ್ಣಿನ ಸವಕಳಿ. ಪುಟದ ಮೇಲ್ಗಡೆ ಒಂದು ಚಿತ್ರ ಇದೆ. ಅದರಲ್ಲಿ ಒಂದು ಗುಡ್ಡ. ಗುಡ್ಡದ ಒಂದು ಮಗ್ಗುಲಲ್ಲಿ ಒತ್ತಾಗಿ ಮರಗಳಿವೆ, ಇನ್ನೊಂದು ಮಗ್ಗುಲು ಬೋಳು. ನನ್ನ ತಲೆ ಇದ್ದ ಹಾಗೆ.”

ಸರಿಯಾಗಿ ಆಗಲೇ ನನಗೆ ಕೆಮ್ಮು ಬಂತು. ತಡೆಯಲು ಹೋಗಿ ಇನ್ನೂ ಜೋರಾಗಿ ಬಂತು. ಅವರು ನಿಲ್ಲಿಸಲಿಲ್ಲ. “ಕೆಮ್ಮಿದ್ದು ಗುಡ್ಡ ಅಲ್ಲ ಮಕ್ಕಳೇ, ಪೇಪರಿನವರು ಬಂದಿದ್ದಾರೆ” ಎಂದು ಹೇಳಿ ಮಳೆ ನೀರು ಬೋಳು ಮಗ್ಗುಲಲ್ಲಿ ಹೇಗೆ ಇಳಿಯುತ್ತದೆ ಅನ್ನುವುದಕ್ಕೆ ಹೋದರು. ಹೀಗಾಗಿ ಇನ್ನು ಮುಂದೆ ಆ ಪಾಠ ಕೇಳುವ ಮಕ್ಕಳಿಗೆಲ್ಲ ನನ್ನ ಕೆಮ್ಮೂ ಸೇರಿಯೇ ಸಿಗುತ್ತದೆ.

ಬೀದಿಯವರಿಗೆ ಇವರು ಇಸ್ತ್ರಿ ಅಣ್ಣ. ಮೊಬೈಲಿನ ಆಚೆ ಇರುವ, ಕಣ್ಣು ಕಾಣದ ನೂರಾರು ವಿದ್ಯಾರ್ಥಿಗಳಿಗೆ ರೇಡಿಯೋ ಮಾವ. ಅವರಿಗೆಂದು ಪಠ್ಯಪುಸ್ತಕ ಓದಿ, ದನಿ ಮುದ್ರಿಸಿ ಕಳಿಸುವ ಗುಂಪೊಂದು ಮೊಬೈಲಿನಲ್ಲಿದೆ. ಅದರಲ್ಲಿ ಬಸ್ ಕಂಡಕ್ಟರ್ ಒಬ್ಬರಿದ್ದಾರೆ, ಬ್ಯಾಂಕಿನ ಬಾಗಿಲು ಕಾಯುವವರಿದ್ದಾರೆ, ಮಗುವನ್ನು ಮಲಗಿಸಿ ಪಿಸುದನಿಯಲ್ಲಿ ಚರಿತ್ರೆ ಓದುವ ತಾಯಿಯೊಬ್ಬರಿದ್ದಾರೆ. ಅವರ ಪಾಠಗಳಲ್ಲಿ ಎಷ್ಟು ದೊಡ್ಡ ಯುದ್ಧವಾದರೂ ಸದ್ದಿಲ್ಲದೆ ನಡೆಯುತ್ತದೆ. ಯಾರಿಗೆ ಯಾವ ಪಾಠ ಎಂದು ಹಂಚಿ, ದಿನಾ ಬೆಳಿಗ್ಗೆ ಎಲ್ಲರ ಹೆಸರು ಕೂಗಿ ಕೆಲಸ ತೆಗೆಸುವವರು ಒಬ್ಬ ನಿವೃತ್ತ ಶಿಕ್ಷಕಿ. ಗುಂಪಿನಲ್ಲಿ ಅವರಿಗೆ ಹಾಜರಿ ಟೀಚರ್ ಅಂತಲೇ ಹೆಸರು. ಇವರಲ್ಲಿ ಹೆಚ್ಚಿನವರು ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಇಸ್ತ್ರಿಯವರು ಈ ಗುಂಪಿಗೆ ಬಂದದ್ದು ಎದುರು ಅಂಗಡಿಯ ದರ್ಜಿಯ ಮಗಳಿಂದ. ಹುಟ್ಟಿನಿಂದಲೇ ಅವಳಿಗೆ ದೃಷ್ಟಿಯಿಲ್ಲ. ಆದರೆ ಬಟ್ಟೆಯನ್ನು ಬೆರಳಲ್ಲಿ ತೀಡಿ ಇಂಥದ್ದು ಎಂದು ಹೇಳಬಲ್ಲಳು. ಅಪ್ಪ ಹೊಲಿದ ಅಂಗಿಗಳನ್ನು ಇಸ್ತ್ರಿಗೆ ತಂದುಕೊಡುವುದು ಅವಳ ಕೆಲಸವಾಗಿತ್ತು. ಇವರು ಬಿಡುವಿದ್ದಾಗ ಗಿರಾಕಿಗಳಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಪೇಪರ್ ಓದುವುದು ರೂಢಿ. ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡ ತಾಯಿಗೆ ಓದಿ ಓದಿ ಬಂದ ಅಭ್ಯಾಸ ಅದು. ತಾಯಿ ಹೋದ ಮೇಲೂ ಬಿಡಲಾಗಲಿಲ್ಲ.

“ಒಂದಿನ ಆ ಹುಡುಗಿ, ಮಾವ, ಊರಿಗೆಲ್ಲ ಪೇಪರ್ ಓದ್ತೀರಿ, ನನಗೊಂದು ಪಾಠ ಓದಿಕೊಡೋಕಾಗಲ್ವಾ ಅಂದ್ಳು. ನನಗೆ ನಾಚಿಕೆ ಆಯ್ತು ಸರ್. ನಾನು ಶಾಲೆ ಅರ್ಧಕ್ಕೇ ಬಿಟ್ಟವನು. ಓದೋದೇನೋ ಓದ್ತೀನಿ, ಅರ್ಥ ಕೇಳ್ಬೇಡ ಕಂದ ಅಂದೆ. ಅರ್ಥ ನಾನು ಮಾಡ್ಕೋತೀನಿ, ನೀವು ಚಿತ್ರದಲ್ಲಿ ಏನಿದೆ ಅಂತ ಹೇಳಿ ಸಾಕು ಅಂದ್ಳು.”

ಆ ಮಾತಿನಲ್ಲಿ ಎಲ್ಲ ಇದೆ. ಪಾಠವನ್ನು ಮನೆಯವರು ಯಾರಾದರೂ ಓದಿಬಿಡುತ್ತಾರೆ. ಚಿತ್ರ ಬಂದ ಕೂಡಲೇ “ಇಲ್ಲೊಂದು ಚಿತ್ರ ಇದೆ” ಎಂದು ಪುಟ ತಿರುಗಿಸುತ್ತಾರೆ. ಇಸ್ತ್ರಿಯವರು ತಿರುಗಿಸಲಿಲ್ಲ. ಎಲೆಯ ನರ, ಗಡಿಯಾರದ ಹಲ್ಲುಚಕ್ರ, ನದಿಯ ತಿರುವು, ಯಾವುದನ್ನೂ ಬಿಡದೆ ಮುಟ್ಟಿ ನೋಡಿದಂತಾಗುವ ಹಾಗೆ ಬಿಡಿಸಿ ಹೇಳತೊಡಗಿದರು. ಅವಳು ಆ ದನಿಯನ್ನು ಗುಂಪಿಗೂ ಹಾಕಿದಳು. ಬರಬರುತ್ತ ಗುಂಪಿನ ಚಿತ್ರಗಳೆಲ್ಲ ಇವರ ಪಾಲಿಗೇ ಬಂದವು. ಬೆಳಿಗ್ಗೆ ಒಂದೋ ಎರಡೋ ಚಿತ್ರ, ಆಮೇಲೆ ಹೆಚ್ಚುಕಮ್ಮಿ ನೂರು ಬಟ್ಟೆ. ಅವರ ಹೆಂಡತಿ ಅಂಗಿಗೆ ನೀರು ಚಿಮುಕಿಸುತ್ತಲೇ ನನಗೆ ದೂರು ಕೊಟ್ಟರು. “ಇವ್ರ ದನಿಯೆಲ್ಲ ಆ ಮಕ್ಕಳಿಗೇ ಖರ್ಚು. ಮನೇಲಿ ನಾನು ಏನು ಕೇಳಿದ್ರೂ ಹೂಂ ಅಂತಾರೆ, ಊಹೂಂ ಅಂತಾರೆ. ಚಿತ್ರ ಇಲ್ದಿರೋ ಪುಸ್ತಕ ನಾನು.”

ಇನ್ನು ಆ ಹೃದಯದ ಕಥೆ. ಅದನ್ನು ಹೇಳಲು ಅವರಿಗೆ ಮನಸ್ಸಿರಲಿಲ್ಲ. ಹೆಂಡತಿ “ಹೇಳ್ರೀ, ಮುಚ್ಚಿಟ್ರೆ ಅದೇನು ಮರಿ ಹಾಕುತ್ತಾ” ಎಂದು ಗದರಿದ ಮೇಲೆ ಬಾಯಿ ಬಿಟ್ಟರು.

ಹೋದ ವರ್ಷ ದರ್ಜಿಯ ಮಗಳು ಕೊನೆಯ ಪರೀಕ್ಷೆಗೆ ಓದುತ್ತಿದ್ದಳು. ದೂರದ ಹಾಸ್ಟೆಲಿನಲ್ಲಿದ್ದಳು. ಫಿಸಿಯೋಥೆರಪಿ ಕಲಿಯಬೇಕು, ನೋವಿರುವವರ ಮೈಕೈ ಮುಟ್ಟಿ ಸರಿಮಾಡಬೇಕು ಎಂಬುದು ಅವಳ ಆಸೆ. ಅದಕ್ಕೆ ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬೇಕೇಬೇಕು. ಹೃದಯದ ಪಾಠ ಓದಿದವರು ಕಂಡಕ್ಟರ್. ಚಿತ್ರ ಎಂದಿನಂತೆ ಮಾವನದು. ಚಿತ್ರ ನೋಡಿದರೆ, ಬಲಗಡೆ ಇರುವ ಕೋಣೆಗೆ ‘ಎಡ ಹೃತ್ಕುಕ್ಷಿ’ ಎಂದು ಬರೆದಿದೆ, ಎಡಗಡೆ ಇರುವುದಕ್ಕೆ ‘ಬಲ’ ಎಂದಿದೆ. ಇವರಿಗೆ ಸಿಟ್ಟು ಬಂತು.

“ಮಕ್ಕಳ ಪುಸ್ತಕದಲ್ಲೂ ಹೀಗೆ ಅದಲುಬದಲು ಮಾಡ್ತಾರಲ್ಲ ಅಂದ್ಕೊಂಡೆ. ದೊಡ್ಡ ಮನುಷ್ಯನ ಥರ ಹೇಳಿಬಿಟ್ಟೆ ಸರ್. ಮಕ್ಕಳೇ, ಪುಸ್ತಕದಲ್ಲಿ ಅಚ್ಚಿನ ತಪ್ಪಿದೆ, ನಾನು ಸರಿಮಾಡಿ ಹೇಳ್ತೀನಿ ಕೇಳಿ ಅಂತ.”

ಹೀಗೆ ಅವರ ಬಾಯಲ್ಲಿ ಎಡ ಬಲವಾಯಿತು, ಬಲ ಎಡವಾಯಿತು. ಮೈಗೆಲ್ಲ ರಕ್ತ ನೂಕುವ ದಪ್ಪ ಗೋಡೆಯ ಕೋಣೆ ಬಲಗಡೆಯದ್ದು ಎಂದಾಯಿತು. ಕಂಡಕ್ಟರ್ ಓದಿದ ಪಾಠದಲ್ಲಿ ಬೇರೆ ಥರ ಇತ್ತು, ನಿಜ. ಆದರೆ ಅಚ್ಚಿನ ತಪ್ಪು ಎಂದು ರೇಡಿಯೋ ಮಾವನೇ ಹೇಳಿದ ಮೇಲೆ ಮಕ್ಕಳು ಯಾಕೆ ಅನುಮಾನ ಪಡುತ್ತಾರೆ? ಆ ದನಿ ಗುಂಪಿನಿಂದ ಗುಂಪಿಗೆ, ಊರಿಂದ ಊರಿಗೆ ಹೋಯಿತು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಗುಂಪಿನಲ್ಲಿ ಯಾರೋ ಆ ಚಿತ್ರದ ದನಿಯನ್ನು ಮತ್ತೊಮ್ಮೆ ಕಳಿಸಿ ಎಂದರು. ಕಳಿಸುವ ಮುಂಚೆ ಒಮ್ಮೆ ಕೇಳೋಣ ಎಂದು ಇವರು ಅಂಗಡಿಯಲ್ಲಿ ಅದನ್ನು ಹಾಕಿಕೊಂಡು, ಒಂದು ಬಿಳಿ ಅಂಗಿಯ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದರು. ಸಮವಸ್ತ್ರ ಒಯ್ಯಲು ಬಂದಿದ್ದ ನರ್ಸ್ ಒಬ್ಬರು ಕಿವಿಗೊಟ್ಟು ನಿಂತರು.

“ಅಣ್ಣಾ, ಪುಸ್ತಕ ಸರಿಯಾಗೇ ಇದೆಯಲ್ಲ” ಎಂದರು ನರ್ಸ್. “ಆ ಹೃದಯ ನಿಮ್ಮದಲ್ಲ, ಎದುರಿಗೆ ನಿಂತವರದ್ದು. ಅವರ ಎಡ ನಿಮಗೆ ಬಲಗಡೆ ತಾನೇ ಬರೋದು?”

ಇಸ್ತ್ರಿಯವರು ತಲೆ ತಗ್ಗಿಸಿ ಮೇಜು ನೋಡಿದರು. ಅಂಗಿ ಅಂಗಾತ ಮಲಗಿತ್ತು, ಕಾಲರ್ ಆಚೆಗೆ. ಜೇಬು ಅವರ ಬಲಗೈಯ ಕೆಳಗಿತ್ತು.

“ಇಷ್ಟು ವರ್ಷದಿಂದ ಸರ್, ಲೆಕ್ಕವಿಲ್ಲದಷ್ಟು ಅಂಗಿ. ಎಲ್ಲದರ ಜೇಬೂ ನನ್ನ ಬಲಗೈ ಕಡೆಗೇ ಇರುತ್ತೆ. ಅದನ್ನ ನಾನು ಎಡಜೇಬು ಅಂತಾನೇ ಕರೀತೀನಿ. ಒಂದು ದಿನವೂ ತಪ್ಪಿಲ್ಲ. ಪುಸ್ತಕ ನೋಡಿದ ತಕ್ಷಣ ಎಲ್ಲಿ ಹೋಗಿತ್ತೋ ಬುದ್ಧಿ!”

ಅಂದು ಅವರ ಕೈ ಅಲ್ಲೇ ನಿಂತಿತು. ಜೇಬಿನ ಮೇಲೆ ಪೆಟ್ಟಿಗೆಯ ಮೂತಿ ಕಂದು ಬಣ್ಣದಲ್ಲಿ ಅಚ್ಚೊತ್ತಿತು. ನರ್ಸ್ ಕೂಗಿದ ಮೇಲೇ ಅವರು ಪೆಟ್ಟಿಗೆ ಎತ್ತಿದ್ದು.

ಮೊದಲು ಹೊಳೆದದ್ದು ಆ ದನಿಯನ್ನು ಅಳಿಸಿಬಿಡುವುದು. ಆದರೆ ಇಲ್ಲಿ ಅಳಿಸಿದರೆ ಇಲ್ಲಿ ಮಾತ್ರ ಹೋಗುತ್ತದೆ. ಯಾರು ಯಾರಿಗೆ ಕಳಿಸಿದ್ದಾರೋ ಅಲ್ಲೆಲ್ಲ ಅದು ಕೂತೇ ಇರುತ್ತದೆ. ಹಾಜರಿ ಟೀಚರಿಗೆ ಫೋನ್ ಮಾಡಿ, ಅಳುವುದೊಂದು ಬಾಕಿ ಎಂಬಂತೆ ಎಲ್ಲ ಹೇಳಿದರು. ಟೀಚರ್ “ಬೈಯೋದನ್ನ ಪರೀಕ್ಷೆ ಮುಗಿದ ಮೇಲೆ ಪುರುಸೊತ್ತಾಗಿ ಬೈತೀನಿ. ಈಗ ಆ ಅಂಗಿ ಕೈಲಿದೆಯಲ್ಲ, ಅದನ್ನೇ ಇಟ್ಕೊಂಡು ಹೇಳಿ” ಎಂದರು.

ಆ ತಿದ್ದುಪಡಿಯನ್ನು ನಾನೂ ಕೇಳಿದೆ. ಅದು ಶುರುವಾಗುವುದೇ ಹೀಗೆ: “ಮಕ್ಕಳೇ, ತಪ್ಪಾಗಿದ್ದು ಪುಸ್ತಕಕ್ಕಲ್ಲ, ನನಗೆ. ನಿಮ್ಮ ಯೂನಿಫಾರ್ಮ್ ಅಂಗಿ ತಗೊಳ್ಳಿ. ಮೇಜಿನ ಮೇಲೆ ಅಂಗಾತ ಹಾಸಿ, ಕಾಲರ್ ನಿಮ್ಮಿಂದ ಆಚೆಗಿರಲಿ. ಜೇಬು ಹುಡುಕಿ. ನಿಮ್ಮ ಬಲಗೈಗೆ ಸಿಕ್ತಲ್ವಾ? ಈಗ ಅದನ್ನ ಹಾಕ್ಕೊಳ್ಳಿ. ಜೇಬು ಎಲ್ಲಿಗೆ ಬಂತು? ಎಡಕ್ಕೆ. ಪುಸ್ತಕದ ಹೃದಯ ಮೇಜಿನ ಮೇಲೆ ಮಲಗಿರೋ ಅಂಗಿ. ಅದನ್ನ ತೊಟ್ಟವನ ಎಡವೇ ಎಡ. ದಪ್ಪ ಗೋಡೆ ಜೇಬಿನ ಕಡೆಯದು.” ಕೊನೆಯಲ್ಲಿ ಒಂದು ಬೇಡಿಕೆ. ಹಳೆಯ ದನಿಯನ್ನು ಯಾರಿಗೆಲ್ಲ ಕಳಿಸಿದ್ದಿರೋ ಅವರಿಗೆಲ್ಲ ಇದನ್ನೂ ಕಳಿಸಿ, ಕೇಳಿದವರು ‘ಕೇಳಿದೆ’ ಎಂದು ತಿಳಿಸಿ.

ಟೀಚರ್ ಹಾಜರಿ ಶುರು ಮಾಡಿದರು. ಬೆಳಗಿನಿಂದ ಸಂಜೆಯವರೆಗೆ ಮೊಬೈಲಿನಲ್ಲಿ ದನಿಗಳು ಬೀಳುತ್ತಲೇ ಇದ್ದವು. ಕೇಳಿದೆ. ಕೇಳಿದೆ ಟೀಚರ್. ಕೇಳಿದೆ ಮಾವ, ಅಮ್ಮನ ಹತ್ತಿರ ಅಂಗಿ ಇಸ್ಕೊಂಡು ನೋಡಿದೆ. ಕಂಡಕ್ಟರ್ ಒಂದೊಂದು ನಿಲ್ದಾಣದಲ್ಲಿ ಒಬ್ಬೊಬ್ಬರಿಗೆ ಫೋನ್ ಮಾಡಿದರು. ಮಗು ಮಲಗಿಸುವ ತಾಯಿ ಅಂದು ಮೊದಲ ಸಲ ಗಟ್ಟಿಯಾಗಿ ಮಾತಾಡಿದರಂತೆ. ಬರಬೇಕಾದವರೆಲ್ಲ ಬಂದರು, ಒಬ್ಬಳನ್ನು ಬಿಟ್ಟು. ಬಾರದವಳು ದರ್ಜಿಯ ಮಗಳು.

ಅವಳ ಮೊಬೈಲ್ ಕೆಟ್ಟುಹೋಗಿತ್ತು. ಹಾಸ್ಟೆಲಿನ ಫೋನ್ ಎತ್ತುವವರಿಲ್ಲ. ಎದುರು ಅಂಗಡಿಯಿಂದ ದರ್ಜಿ ಎದ್ದು ಬಂದರು. “ಅವ್ರು ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ” ಎನ್ನುತ್ತಾರೆ ಇಸ್ತ್ರಿಯವರು. “ನಿಮ್ಮ ದನಿ ಇಲ್ದಿದ್ರೆ ಅವಳು ಇಲ್ಲಿವರೆಗೂ ಬರ್ತಿರಲಿಲ್ಲ ಅಣ್ಣ, ಸುಮ್ನಿರಿ ಅಂದ್ರು. ಅದು ಇನ್ನೂ ಉರೀತು.”

ಟೀಚರ್ ಮಾತ್ರ ಕೈಚೆಲ್ಲಲಿಲ್ಲ. ಅವಳ ಪರೀಕ್ಷಾ ಕೇಂದ್ರದಲ್ಲಿ ಬರೆಯುವವರು ಬೇರೆ ಯಾರಿದ್ದೀರಿ ಎಂದು ಎಲ್ಲ ಗುಂಪುಗಳಲ್ಲೂ ಕೂಗಿದರು. ಇನ್ನಾವುದೋ ಶಾಲೆಯ ಹುಡುಗಿಯೊಬ್ಬಳು, ಅವಳಿಗೂ ಕಣ್ಣಿಲ್ಲ, “ನಾನಿದ್ದೀನಿ, ಹುಡುಕ್ತೀನಿ” ಎಂದಳು.

ಮರುದಿನ ಬೆಳಿಗ್ಗೆ ಆ ಹುಡುಗಿ ಕೇಂದ್ರದ ಗೇಟಿನಲ್ಲಿ ನಿಂತು, ಗದ್ದಲದ ಮೇಲೆ ತನ್ನ ದನಿ ಏರಿಸಿ ಕೂಗಿದಳು: “ರೇಡಿಯೋ ಮಾವನ ಹುಡುಗಿ ಯಾರ್ರೇ ಇಲ್ಲಿ?” ಒಬ್ಬಳು “ನಾನು” ಎಂದಳು. ಆಚೆಯಿಂದ ಇನ್ನೊಬ್ಬಳು “ನಾನು” ಎಂದಳು. ಮತ್ತೊಂದು ಮೂಲೆಯಿಂದ ಗಂಡುದನಿಯೂ ಬಂತು, “ಹುಡುಗ ಆದ್ರೆ ಆಗಲ್ವಾ?” ಇವಳು ಎಲ್ಲರನ್ನೂ ಹತ್ತಿರ ಕರೆದು, ತಿದ್ದುಪಡಿ ಹೇಳಿ, ಎಲ್ಲರ ಕೈಯನ್ನೂ ಅವರವರ ಜೇಬಿನ ಮೇಲೆ ಇಡಿಸಿದಳು. ಅವರಲ್ಲಿ ದರ್ಜಿಯ ಮಗಳೂ ಇದ್ದಳು.

ಇದೊಂದೂ ಇಸ್ತ್ರಿಯವರಿಗೆ ಆಗ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಅವರು ಪೆಟ್ಟಿಗೆ ಮುಟ್ಟಲಿಲ್ಲ. ಹೆಂಡತಿಯೇ ಬಟ್ಟೆ ತೀಡಿದರು. ಮಧ್ಯಾಹ್ನ ಯಾರದೋ ಫೋನಿನಿಂದ ಒಂದು ದನಿ ಬಂತು. “ಮಾವ, ಕೇಳಿದೆ. ಗೇಟಲ್ಲೇ ಕೇಳಿದೆ. ಆ ಪ್ರಶ್ನೆ ಬಂದಿತ್ತು. ನನ್ನ ಪರವಾಗಿ ಬರೆಯೋ ಅಕ್ಕನಿಗೆ ನಾನು ಜೇಬು ಮುಟ್ಟಿಕೊಂಡೇ ಉತ್ತರ ಹೇಳ್ದೆ. ಅಪ್ಪ ಹೊಲಿಯೋದು ನೀವು ತೀಡೋದು ಎರಡೂ ಉಪಯೋಗಕ್ಕೆ ಬಂತು ಅಂತ ಅಪ್ಪನಿಗೂ ಹೇಳಿ.”

ಅವರು ಮೇಜಿನ ಮೇಲೆ ತಲೆಯಿಟ್ಟು ಅತ್ತರಂತೆ. ಹೆಂಡತಿ ಪೆಟ್ಟಿಗೆಯನ್ನು ದೂರ ಸರಿಸಿ, ಅತ್ತು ಹಗುರಾಗಲಿ ಎಂದು ಬಾಗಿಲಿನ ಪರದೆ ಎಳೆದರಂತೆ. ಇದನ್ನೆಲ್ಲ ನನಗೆ ಹೇಳುವಾಗ ಎದುರು ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಂತಿತ್ತು. ದರ್ಜಿಯ ಕಿವಿ ಇಲ್ಲೇ ಇತ್ತೆಂದು ಕಾಣುತ್ತದೆ.

ಆಮೇಲೆ ಗುಂಪಿನಲ್ಲಿ ಒಂದು ಕ್ರಮ ಬಂದಿದೆ. ಯಾವ ಚಿತ್ರದ ದನಿಯನ್ನೂ ಪುಸ್ತಕ ಬಿಚ್ಚಿಕೊಂಡ ಇನ್ನಿಬ್ಬರು ಕೇಳದೆ ಮುಂದಕ್ಕೆ ಕಳಿಸುವುದಿಲ್ಲ. ದೇಹದ ಚಿತ್ರಗಳನ್ನು ಕೇಳಲು ಆ ನರ್ಸ್ ಕೂಡ ಸೇರಿಕೊಂಡಿದ್ದಾರೆ. ಕೆಲವು ಶಾಲೆಗಳು ಈಗ ವರ್ಷದ ಆರಂಭದಲ್ಲೇ ಈ ದನಿಗಳನ್ನು ಮಕ್ಕಳಿಗೆ ಕೊಡುತ್ತಿವೆ. ಓದಿಹೇಳುವ ಅಕ್ಕತಂಗಿಯರ ಬಿಡುವಿಗೆ ಕಾದು, ಅರ್ಧ ಪಾಠದಲ್ಲಿ ಪರೀಕ್ಷೆಗೆ ಹೋಗುತ್ತಿದ್ದ ಕಾಲ ನಿಧಾನವಾಗಿ ಹಿಂದೆ ಸರಿಯುತ್ತಿದೆ. ಹಾಜರಿ ಟೀಚರ್ ಮಾತ್ರ ಮಾತು ಉಳಿಸಿಕೊಂಡರು. ಪರೀಕ್ಷೆ ಮುಗಿದ ಮಾರನೆಯ ದಿನ ಫೋನ್ ಮಾಡಿ, ಪುರುಸೊತ್ತಾಗಿ ಬೈದರು.

ಸುಟ್ಟ ಅಂಗಿ ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿದೆ. ಅದರ ಒಡೆಯರು “ನನ್ನ ಮೈಮೇಲೆ ಇದ್ದಿದ್ರೆ ಇಷ್ಟು ಉಪಯೋಗ ಆಗ್ತಿರಲಿಲ್ಲ, ಇಟ್ಕೊಳ್ಳಿ” ಎಂದು ಬಿಟ್ಟುಕೊಟ್ಟರಂತೆ. ಮನುಷ್ಯನ ದೇಹದ ಚಿತ್ರ ಬಂದಾಗಲೆಲ್ಲ ಅದನ್ನು ಮೇಜಿಗಿಳಿಸಿ, ಜೇಬಿನ ಮೇಲೆ ಕೈಯಿಟ್ಟುಕೊಂಡೇ ಇಸ್ತ್ರಿಯವರು ಓದುವುದು.

ಕೆಂಡ ಹದಕ್ಕೆ ಬಂದಿದೆ. ಅವರು ಮೊಬೈಲ್ ಎತ್ತಿಟ್ಟು, ಪೆಟ್ಟಿಗೆಯ ಬಾಯಿ ಮುಚ್ಚಿ, ಮೊದಲ ಅಂಗಿ ಹಾಸುತ್ತಾರೆ. ಪೆಟ್ಟಿಗೆ ಎತ್ತುವಾಗ ಒಂದು ಕ್ಷಣ ಹುಬ್ಬು ಗಂಟಾಗುತ್ತದೆ. ವರ್ಷಗಟ್ಟಲೆ ಆ ಭಾರ ಓಡಿಸಿ ಭುಜ ಸೋತಿದೆ. ಡಾಕ್ಟರಿಗೆ ತೋರಿಸಬಾರದೇ ಎಂದೆ.

“ಬೇಡ ಸರ್” ಎಂದರು. “ದರ್ಜಿ ಮಗಳು ಫಿಸಿಯೋಥೆರಪಿಗೆ ಸೇರಿ ಆಯ್ತಲ್ಲ. ಈ ನೋವು ಅವಳಿಗೇ ಅಂತ ಇಟ್ಕೊಂಡಿದ್ದೀನಿ. ಕಲಿತು ಬರಲಿ. ಯಾವ ಭುಜ ಅಂತ ನಾನಂತೂ ಹೇಳೋಲ್ಲ, ಮುಟ್ಟಿ ಅವಳೇ ಹೇಳಲಿ.”