ಸೆರಗಿನ ಮರೆಯ ಪಿಸ್ತೂಲು

ಹನ್ನೆರಡು ಮೊಳದ ಸೀರೆಯಲ್ಲಿ ಗೇಣುದ್ದದ ಪಿಸ್ತೂಲು ಬಚ್ಚಿಡಲು ಜಾಗವಿಲ್ಲ ಎಂಬುದು ನನಗೆ ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು. ಅದಕ್ಕೆ ಮುಂಚೆ ತಿಳಿಯುವ ಪ್ರಸಂಗ ಬಂದಿರಲಿಲ್ಲ ಅನ್ನಿ. ಹಾಗೆ ನೋಡಿದರೆ ಸೀರೆಯಲ್ಲಿ ಏನೇನೋ ಅಡಗುತ್ತದೆ. ನಮ್ಮ ಅಜ್ಜಿ ನಡುವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಬಟ್ಟೆಯ ಚಂಚಿಯಲ್ಲಿ ಎಲೆ, ಅಡಕೆ, ಸುಣ್ಣದ ಡಬ್ಬಿ, ತಂಬಾಕು, ಮೊಮ್ಮಕ್ಕಳಿಗೆಂದು ಬೆಲ್ಲದ ಚೂರು, ಅಜ್ಜನಿಗೆ ಗೊತ್ತಿಲ್ಲದ ಚಿಲ್ಲರೆ ಎಲ್ಲವೂ ಇರುತ್ತಿದ್ದವು. ಅಷ್ಟಿದ್ದೂ ಅವಳು ಆರಾಮಾಗಿ ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪಿಸ್ತೂಲು ಮಾತ್ರ ಮೊಂಡ ಬೀಗನಂತೆ. ಎಲ್ಲಿ ಕೂರಿಸಿದರೂ ಮೊಳಕೈ ಚಾಚಿಯೇ ಕೂರುತ್ತದೆ.

ನಾನು ಪಿಸ್ತೂಲಿನವಳಾದದ್ದು ಹೀಗೆ. ಗೋಕಾಕದಲ್ಲಿ ನಮ್ಮದು ಬೆಳ್ಳಿ ಬಂಗಾರದ ಅಂಗಡಿ. ಮೂಡಲಗಿ ತಾಲೂಕು ಆದ ಮೇಲೆ ಅಲ್ಲಿಯೂ ಒಂದು ಸಣ್ಣ ಅಂಗಡಿ ತೆರೆದೆವು. ತೆರೆದ ಮರುವರ್ಷವೇ ನಮ್ಮ ಯಜಮಾನರ ಕಣ್ಣು ಮಂಜಾದವು. ಗಾಡಿ ಹೊಡೆಯಬಾರದೆಂದು ಡಾಕ್ಟರು ಹೇಳಿದರು. ಮೂಡಲಗಿಗೆ ಮಾಲು ಒಯ್ಯುವ, ಸಂಜೆ ಉಳಿದದ್ದನ್ನು ಮರಳಿ ತರುವ ಕೆಲಸ ನನಗೂ ನನ್ನ ಸ್ಕೂಟರಿಗೂ ಬಂತು. ದಾರಿಯುದ್ದಕ್ಕೂ ಎರಡೂ ಬಾಜೂ ಕಬ್ಬು. ಆಳೆತ್ತರದ ಕಬ್ಬಿನ ನಡುವೆ ಸೀಟಿನ ಕೆಳಗೆ ಬಂಗಾರ ಇಟ್ಟುಕೊಂಡು ಹೋಗುವಾಗ ಗಾಳಿಗೆ ಒಂದು ಎಲೆ ಸರ್ ಎಂದರೂ ನನ್ನ ಎದೆ ಸರ್ ಎನ್ನುತ್ತಿತ್ತು. ಅದೇ ಹೊತ್ತಿಗೆ ನಮಗೆ ಪರಿಚಯದ ಒಬ್ಬ ಸರಾಫರ ಕಣ್ಣಿಗೆ ಯಾರೋ ದಾರಿಯಲ್ಲಿ ಖಾರದ ಪುಡಿ ಎರಚಿ ಚೀಲ ಕಸಿದುಕೊಂಡು ಹೋದರು. ಅವರನ್ನು ನೋಡಿಬಂದ ದಿನ ನಮ್ಮ ಯಜಮಾನರು ಊಟ ಮಾಡಲಿಲ್ಲ. ಮರುದಿನ ನನ್ನ ಹೆಸರಿನಲ್ಲಿ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿಸಿದರು.

ಲೈಸೆನ್ಸು ಸಿಗಬೇಕಾದರೆ ಪೊಲೀಸರು ನೆರೆಹೊರೆಯವರನ್ನು ಕೇಳುತ್ತಾರೆ. ನಮ್ಮ ನೆರೆಹೊರೆ ಎಂದರೆ ಶಮೀಮ್. ಗೋಡೆಗೆ ಗೋಡೆ ಹಚ್ಚಿದ ಮನೆ. ನನ್ನ ಮದುವೆಯಾದ ವರ್ಷದಿಂದ ನನ್ನ ಕುಪ್ಪಸ ಹೊಲಿಯುತ್ತಿರುವವಳು. ನಾನು ದಪ್ಪಗಾದ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವಳು. ಈ ಬಾಯಾರು ಸಿಟ್ಟಿನವರೇ, ಜಗಳಗಂಟರೇ ಎಂದು ಪೊಲೀಸರು ಕೇಳಿದ್ದಕ್ಕೆ ಇವಳು ಹೇಳಿದ್ದು ಇಷ್ಟೇ: "ಅಕ್ಕಾರು ಹಲ್ಲಿಗೂ ಅಂಜತಾರ್ರಿ." ನನಗೆ ಲೈಸೆನ್ಸು ಸಿಕ್ಕಿದ್ದು ಆ ಮಾತಿನಿಂದಲೇ ಎಂದು ಇವತ್ತಿಗೂ ನನ್ನ ನಂಬಿಕೆ.

ಬೆಳಗಾವಿಯ ಬಂದೂಕಿನ ಅಂಗಡಿಗೆ ಗಂಡ ಹೆಂಡತಿ ಇಬ್ಬರೂ ಹೋದೆವು. ಅಂಗಡಿಯವರು ವಯಸ್ಸಾದವರು, ಮೃದು ಮಾತಿನವರು. ಅರಿವೆ ಹಾಸಿದ ಮೇಜಿನ ಮೇಲೆ ಒಂದೊಂದಾಗಿ ತೆಗೆದಿಟ್ಟು ಎಲ್ಲವನ್ನೂ ಯಜಮಾನರಿಗೇ ತೋರಿಸುತ್ತಿದ್ದರು. ಯಜಮಾನರು ಕಪ್ಪು ಕನ್ನಡಕ ತೆಗೆದು, ನೋಡುವವರು ನಾನಲ್ಲ, ಇವರು ಎಂದ ಮೇಲೆ ಅಂಗಡಿಯವರು ನನ್ನ ಕಡೆ ತಿರುಗಿದರು. ನಾನು ಎಲ್ಲದರಲ್ಲೂ ಪುಟ್ಟದಾದದ್ದನ್ನು ಎತ್ತಿಕೊಂಡೆ. ಮುಷ್ಟಿಯಲ್ಲಿ ಮುಚ್ಚಿಹೋಗುವಂಥದ್ದು, ಚೆಲುವಾಗಿತ್ತು. ಹಿಡಿದು ನೋಡಿದರೆ ನನ್ನ ಕಿರುಬೆರಳಿಗೆ ಅದರಲ್ಲಿ ಜಾಗವೇ ಇಲ್ಲ. ಪಾಪ, ಬೆರಳು ಹೊರಗೆ ಗಾಳಿಯಲ್ಲಿ ನಿಂತಿತ್ತು. "ಸಣ್ಣದಾದಷ್ಟೂ ಹೆಚ್ಚು ಒದೀತೈತ್ರಿ ಬಾಯಾರ," ಎಂದರು ಅಂಗಡಿಯವರು. "ದೊಡ್ಡದು ಭಾರ, ಖರೆ ಶಾಂತ ಇರತೈತಿ." ಮನುಷ್ಯರ ಬಗ್ಗೆಯೂ ಇದನ್ನೇ ಹೇಳಬಹುದಲ್ಲ ಎಂದುಕೊಂಡು ನಾನು ನಡುವಣದೊಂದನ್ನು ಆರಿಸಿದೆ. ಆಮೇಲೆ ಬಾಯಿ ತಪ್ಪಿ, ಇದರಲ್ಲಿ ಬೇರೆ ಬಣ್ಣ ಇದೆಯೇ ಎಂದು ಕೇಳಿಬಿಟ್ಟೆ. ಯಜಮಾನರು ಮಂಜುಗಣ್ಣಿನಲ್ಲೇ ಗೋಡೆಯ ಕ್ಯಾಲೆಂಡರು ಓದತೊಡಗಿದರು.

ಮನೆಗೆ ತಂದ ಮೇಲೆ ಅಡಗಿಸುವ ಪ್ರಶ್ನೆ. ನಡುವಿಗೆ ಒಂದು ಪಟ್ಟಿ ಹೊಲಿದುಕೊಡು ಎಂದು ಶಮೀಮಳನ್ನು ಕೇಳಿದೆ. ಹೊಲಿಯುತ್ತೇನೆ, ಆದರೆ ಅದನ್ನು ನನ್ನ ಮನೆಯೊಳಗೆ ತರಬೇಡ ಎಂದಳು. ಹಾಗಾದರೆ ಅಳತೆ? ಕಟ್ಟಿಗೆಯ ಗೊಂಬೆ ಮಾಡುವ ಊರಿನಲ್ಲಿದ್ದು ಇದಕ್ಕೆ ಚಿಂತೆಯೇಕೆ? ಪರಿಚಯದ ಗೊಂಬೆಯವರಿಗೆ ಚಿತ್ರ ಬರೆದುಕೊಟ್ಟು ಅದೇ ಅಳತೆಯದೊಂದು ಮಾಡಿಸಿದೆ. ಅವರು ವರ್ಷವಿಡೀ ಕಟ್ಟಿಗೆಯ ಮಾವು, ಬಾಳೆ ಮಾಡುವವರು. ಬಣ್ಣ ಬಳಿಯುವಾಗ ಕೈ ಬಂದ ದಾರಿಗೇ ಹೋಯಿತು. ಹಳದಿ ಮೈ, ತುದಿಗೆ ಸ್ವಲ್ಪ ಕೆಂಪು, ಪಕ್ವವಾದ ಪಿಸ್ತೂಲು. ಅದನ್ನು ನನ್ನ ಸೊಂಟಕ್ಕೆ ಹಚ್ಚಿ ಗುರುತು ಹಾಕುತ್ತ ಶಮೀಮ್ ಎಷ್ಟು ನಕ್ಕಳೆಂದರೆ ಬಾಯಲ್ಲಿದ್ದ ಸೂಜಿ ಬಿದ್ದು, ಅದನ್ನು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯಿತು.

ಪಟ್ಟಿಯೇನೋ ಚೆನ್ನಾಗಿ ಕೂತಿತು. ನಾನು ಕೂರುವುದು ಮಾತ್ರ ಕಷ್ಟವಾಯಿತು. ಬಗ್ಗುವ ಹಾಗಿಲ್ಲ, ನೆಲಕ್ಕೆ ಕೂರುವ ಹಾಗಿಲ್ಲ, ಯಾರಾದರೂ ಅಪ್ಪಿಕೊಳ್ಳಲು ಬಂದರೆ ಎರಡು ಹೆಜ್ಜೆ ಹಿಂದೆ. ಹುಕ್ಕೇರಿಯಲ್ಲಿರುವ ತಂಗಿಯ ಮನೆಗೆ ಹೋದಾಗ ಅವಳು ಸೊಂಟ ಮುಟ್ಟಿ, ಇದೇನು ಗಟ್ಟಿ ಎಂದಳು. ಬೆನ್ನುನೋವು, ಡಾಕ್ಟರು ಪಟ್ಟಿ ಕೊಟ್ಟಿದ್ದಾರೆ ಎಂದೆ. ಆ ಮಾತು ನಾನು ಗೋಕಾಕ ಮುಟ್ಟುವುದರೊಳಗೆ ಕಣಗಲಾ ಊರಿನ ನೆಂಟರ ಮನೆ ಮುಟ್ಟಿತ್ತು. ಅಲ್ಲಿಂದ ಕಪ್ಪು ಎಣ್ಣೆಯ ಬಾಟಲಿ ಬಂತು. ಕೊಣ್ಣೂರಿನಿಂದ ಒಬ್ಬರು ಎಕ್ಕೆಯ ಎಲೆ ಕಳಿಸಿದರು. ತಂಗಿ ಬೆನ್ನು ತಿಕ್ಕುವ ಮುದುಕಿಯೊಬ್ಬಳನ್ನು ಕರೆದುಕೊಂಡೇ ಬಂದಳು. ಆ ಅಜ್ಜಿ ತೋಳೇರಿಸಿಕೊಂಡು ನನ್ನ ಹಿಂದೆ, ನಾನು ಸೊಂಟ ಹಿಡಿದುಕೊಂಡು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ. ಇಷ್ಟು ಓಡುವ ಬೆನ್ನಿಗೆ ಏನೂ ಆಗಿಲ್ಲ ಎಂದು ಅಜ್ಜಿ ತೀರ್ಪು ಕೊಟ್ಟು ಚಹಾ ಕುಡಿದು ಹೋದಳು.

ಮೈಮೇಲೆ ಮರೆಯಾಗಿ ಒಂದು ವಸ್ತು ಹೊತ್ತು ನಡೆಯುವುದು ನಮಗೇನು ಹೊಸದೇ ಎಂದು ಒಮ್ಮೊಮ್ಮೆ ಯೋಚಿಸುತ್ತಿದ್ದೆ. ತೊಟ್ಟಿಲಲ್ಲಿದ್ದಾಗಲೇ ಕೊರಳಿಗೆ ಲಿಂಗ ಕಟ್ಟುತ್ತಾರೆ. ಬಟ್ಟೆಯ ಒಳಗೆ, ಎದೆಗೆ ಹತ್ತಿಕೊಂಡು ಇರುತ್ತದೆ. ಹೊತ್ತಿದ್ದೇವೆಂಬ ನೆನಪೂ ಇರುವುದಿಲ್ಲ. ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟು ಪೂಜಿಸಿ, ನೀನಿರುವಾಗ ನನಗೆ ಯಾರ ಭಯ ಎಂದು ಹೇಳುತ್ತಿದ್ದೆ. ಹೇಳಿ ಎದ್ದು ಕಪಾಟು ತೆಗೆದು ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಳ್ಳುತ್ತಿದ್ದೆ. ಶಿವನಿಗೆ ನಗು ಬಂದಿರಲೇಬೇಕು.

ತೆಗೆಯುವ ಅಭ್ಯಾಸವೂ ಮಾಡಬೇಕಿತ್ತು. ಗುಂಡು ತೆಗೆದಿಟ್ಟು, ಕನ್ನಡಿಯ ಮುಂದೆ ನಿಂತು, ಸೆರಗು ಸರಿಸಿ ಕೈ ಹಾಕುವುದು. ಪ್ರತಿ ಸಲವೂ ಸೆರಗಿನ ಪಿನ್ನು ಅಡ್ಡ ಬರುತ್ತಿತ್ತು. ನಾನು ಪಿನ್ನು ಬಿಚ್ಚಿ ಮುಗಿಸುವುದರೊಳಗೆ ಕಳ್ಳ ಮಾಲು ತೆಗೆದುಕೊಂಡು, ಬರತೇನ್ರಿ ಎಂದು ಹೇಳಿ ಹೋಗಬಹುದಿತ್ತು. ಕೊನೆಗೆ ಪಿನ್ನು ಬಿಟ್ಟೆ. ಮೊದಲೆಲ್ಲ ಗಾಡಿ ಹತ್ತುವಾಗ ಸೆರಗನ್ನು ನಡುವಿಗೆ ಬಿಗಿದು ಸಿಕ್ಕಿಸಿಕೊಳ್ಳುತ್ತಿದ್ದೆ, ಅದನ್ನೂ ಬಿಟ್ಟೆ. ಸಡಿಲ ಸೆರಗು, ಚುರುಕು ಕೈ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಆ ಸಂಜೆ ಮೂಡಲಗಿಯಿಂದ ಹೊರಟಾಗ ಇನ್ನೂ ಬಿಸಿಲಿತ್ತು. ಊರು ದಾಟಿ ಕಬ್ಬು ಶುರುವಾದ ಮೇಲೆ ಕನ್ನಡಿಯಲ್ಲಿ ಒಂದು ಬೈಕು ಕಂಡಿತು. ಇಬ್ಬರು ಗಂಡಸರು. ಇಬ್ಬರ ಮುಖಕ್ಕೂ ಟವೆಲು ಸುತ್ತಿದೆ. ಹಿಂದೆ ಕೂತವನ ಹೆಗಲ ಮೇಲೆ ಅರಿವೆ ಸುತ್ತಿದ ಉದ್ದನೆಯ ವಸ್ತು. ನಾನು ವೇಗ ಹೆಚ್ಚಿಸಿದೆ. ಅವರೂ ಹೆಚ್ಚಿಸಿದರು. ನಿಧಾನ ಮಾಡಿದೆ, ಮುಂದೆ ಹೋಗಲಿ ಎಂದು. ಅವರೂ ನಿಧಾನ ಮಾಡಿ ಕೈ ಬೀಸತೊಡಗಿದರು. ಏನೋ ಕೂಗುತ್ತಿದ್ದರು. ಗಾಳಿಯಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ಸೆರಗು.

ನಿರ್ಜನ ದಾರಿಯಲ್ಲಿ ಮುಖ ಮುಚ್ಚಿದ ಇಬ್ಬರು ಗಂಡಸರು ಒಬ್ಬ ಹೆಂಗಸಿನ ಬೆನ್ನು ಹತ್ತಿ ಸೆರಗು ಸೆರಗು ಎಂದು ಕೂಗಿದರೆ ಆಕೆ ಏನು ತಿಳಿಯಬೇಕು? ಬಂಗಾರದ ನೆನಪು ಹಾರಿಹೋಯಿತು. ಓಡಿ ಉಳಿಯುವುದಿಲ್ಲ ಎನ್ನಿಸಿತು. ಗಾಡಿಯನ್ನು ಕಬ್ಬಿನ ಅಂಚಿಗೆ ನಿಲ್ಲಿಸಿ, ಇಳಿದು, ಬಲಗೈಯನ್ನು ಸೆರಗಿನ ಕೆಳಗೆ ಪಟ್ಟಿಗೆ ಹಾಕಿದೆ. ಪಿಸ್ತೂಲು ಮುಷ್ಟಿಗೆ ಬಂತು. ಕಿರುಬೆರಳಿಗೂ ಜಾಗವಿತ್ತು. ಹೆಬ್ಬೆರಳು ಸುರಕ್ಷೆಯ ಕೀಲಿನ ಮೇಲಿತ್ತು, ಮತ್ತು ಕೈ ನಡುಗುತ್ತಿರಲಿಲ್ಲ. ಈಗಲೂ ನನ್ನನ್ನು ಹೆದರಿಸುವುದು ಅದೇ: ನಡುಗಲಿಲ್ಲ.

ಮುಂದೆ ಕೂತಿದ್ದವನು ಇಳಿದು ಬಂದು ಸ್ವಲ್ಪ ದೂರದಲ್ಲೇ ನಿಂತ. ಟವೆಲು ಬಿಚ್ಚಿದ. ನರೆತ ಮೀಸೆಯ, ನನ್ನದೇ ವಯಸ್ಸಿನ ಮನುಷ್ಯ. ಕೈ ಮುಗಿದ.

"ಅಕ್ಕಾರ, ನಿಮ್ಮ ಸೆರಗ ಗಾಲ್ಯಾಗ ಸಿಕ್ಕೈತ್ರಿ. ಆಗಿಂದ ಒದರಾಕತ್ತೇವಿ, ನೀವು ನಿಂದರವಲ್ರಿ. ಇನ್ನೊಂದೀಟ ಸುತ್ತಿದ್ರ ಕೊರಳಿಗೇ ಬರ್ತಿತ್ತು."

ತಿರುಗಿ ನೋಡಿದೆ. ನನ್ನ ಸೆರಗಿನ ತುದಿ ಹಿಂದಿನ ಗಾಲಿಯ ಬುಡದಲ್ಲಿ ಎಣ್ಣೆ ಕುಡಿದು ಕಪ್ಪಾಗಿ, ಹಗ್ಗದಂತೆ ಹೊಸೆದುಕೊಂಡು ಸುತ್ತಿತ್ತು. ಅವನು ನನ್ನ ಕಾಲ ಬಳಿ ಕೂತು, ನನಗೆ ಬೆನ್ನು ಮಾಡಿ, ಗಾಲಿಯನ್ನು ಹಿಂದೆ ಮುಂದೆ ಹೊರಳಿಸುತ್ತ ಎಳೆ ಎಳೆಯಾಗಿ ಬಿಡಿಸತೊಡಗಿದ. ಅವನ ಬೆನ್ನು ನನ್ನ ಮುಂದಿತ್ತು. ನನ್ನ ಕೈ ಇನ್ನೂ ಪಟ್ಟಿಯಲ್ಲೇ ಇತ್ತು. ಹೊರಗೆ ತೆಗೆಯುವುದು ಹೇಗೆಂದು ಮರೆತವಳಂತೆ ನಿಂತಿದ್ದೆ. ಅವನು ತಲೆ ಎತ್ತಿ ನೋಡಿ, "ಹೊಟ್ಟಿ ನೋಯಾಕತ್ತೈತೇನ್ರಿ ಅಕ್ಕಾರ?" ಎಂದು ಕೇಳಿದ.

ನನಗೆ ನಗು ಬಂತು. ಸಣ್ಣದಾಗಿ ಶುರುವಾದದ್ದು ತಡೆಯಲಾರದೆ ಹೋಯಿತು. ಕಬ್ಬಿನ ಬದುವಿನ ಮೇಲೆ ಕೂತುಬಿಟ್ಟೆ. ಎಷ್ಟೋ ದಿನಗಳ ಮೇಲೆ ನೆಲಕ್ಕೆ ಕೂತದ್ದು, ಪಿಸ್ತೂಲು ಪಕ್ಕೆಗೆ ಚುಚ್ಚಿತು, ಇನ್ನೂ ನಗು ಬಂತು. ಅವರಿಬ್ಬರೂ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟರು. ಹೆಗಲ ಮೇಲಿನ ಉದ್ದನೆಯ ವಸ್ತು ಏನೆಂದು ಕೇಳಿದೆ. ಹಿಂದೆ ಕೂತಿದ್ದವನು ಅರಿವೆ ಸರಿಸಿ ತೋರಿಸಿದ: ಸನಾದಿ. ಕೊಣ್ಣೂರಿನಲ್ಲಿ ಮದುವೆಯಂತೆ, ಊದಲು ಹೊರಟಿದ್ದರು. ನನ್ನ ಬೆನ್ನು ಹತ್ತಿ ತಮ್ಮ ತಿರುವು ಬಿಟ್ಟು ಮುಂದೆ ಬಂದಿದ್ದರು. ಅವರು ಹೋದ ಮೇಲೆ ನಗು ನಿಂತಿತು. ಬಹಳ ಹೊತ್ತು ಗಾಡಿ ಶುರು ಮಾಡಲಾಗಲಿಲ್ಲ.

ಹರಿದ ಸೆರಗು ನೋಡಿ ಶಮೀಮ್ ಕೇಳಿದಳು, ಹೇಳಿದೆ. ಯಜಮಾನರಿಗೆ ಹೇಳದ್ದನ್ನೂ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಕತ್ತರಿ ಕೆಳಗಿಟ್ಟು, "ಅವರ ಹಣೇಬಾರ ಛಲೋ ಇತ್ತ ಅಕ್ಕಾ," ಎಂದಳು. ಹರಿದ ಸೆರಗನ್ನು ಮಡಿಚುತ್ತ, "ನಿಂದೂ," ಎಂದಳು.

ಮರುದಿನದಿಂದ ಸೆರಗು ಬಿಗಿದು ಸಿಕ್ಕಿಸಿ, ಪಿನ್ನು ಹಾಕಿಕೊಂಡೇ ಗಾಡಿ ಹತ್ತಿದೆ. ಪಿಸ್ತೂಲು ಬಿಡಲಿಲ್ಲ. ಕಬ್ಬೂ ಹಾಗೇ ಇತ್ತು, ಬಂಗಾರವೂ ಹಾಗೇ ಇತ್ತು, ಖಾರದ ಪುಡಿಯ ನೆನಪೂ ಹೋಗಿರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಎಂದರೆ ಲೈಸೆನ್ಸಿನವರೆಲ್ಲ ತಮ್ಮ ತಮ್ಮ ಬಂದೂಕು, ಪಿಸ್ತೂಲು ತಂದು ಠಾಣೆಯಲ್ಲಿ ಒಪ್ಪಿಸಬೇಕು. ಕರದಂಟಿನ ಡಬ್ಬಿಯ ಚೀಲದಲ್ಲಿ ನನ್ನದನ್ನು ಇಟ್ಟುಕೊಂಡು, ಯಾರೂ ನೋಡದಿರಲಿ ಎಂದು ಹೊತ್ತೇರುವ ಮೊದಲೇ ಹೋದೆ. ಹೋದರೆ ಅಲ್ಲಿ ಸಾಲು. ಹೊಲಕ್ಕೆ ಹಂದಿ ಬೀಳದಂತೆ ಕಾಯುವ ರೈತರ ಉದ್ದನೆಯ ಬಂದೂಕುಗಳು ಕಾಣುವಂತೆಯೇ ಇದ್ದವು; ಅವರಿಗೆ ನಾಚಿಕೆಯಿರಲಿಲ್ಲ. ಉಳಿದವರ ಕೈಯಲ್ಲೆಲ್ಲ ನನ್ನಂತೆಯೇ ಚೀಲ. ನನ್ನ ಮುಂದೆ ನಿಂತಿದ್ದವರು ನಮ್ಮ ಊರಿನ ಹಲ್ಲಿನ ಡಾಕ್ಟರು. ಅವರ ಮುಂದೆ, ಊಟದ ಡಬ್ಬಿಯ ಚೀಲ ಹಿಡಿದುಕೊಂಡು, ಸಾಲೆಯಲ್ಲಿ ನಮಗೆ ವ್ಯಾಕರಣ ಕಲಿಸಿದ ಮಾಸ್ತರರು. ಇರುವೆ ತುಳಿಯದಂತೆ ನಡೆಯುವ ಮನುಷ್ಯ. ನಾನು ಅವರ ಚೀಲ ನೋಡಿದೆ, ಅವರು ನನ್ನ ಚೀಲ ನೋಡಿದರು.

"ಏನವಾ, ನೀನೂ?" ಎಂದರು.

ಒಪ್ಪಿಸಿ ಹೊರಗೆ ಬಂದಾಗ ಸೊಂಟ ಹಗುರಾಗಿ ನೆಲದಿಂದ ಒಂದು ಗೇಣು ಮೇಲೆ ನಡೆದಂತಿತ್ತು. ಮೂವರೂ ಎದುರಿನ ಚಹಾದಂಗಡಿಯಲ್ಲಿ ಕೂತೆವು. ಯಾರಿಗೆ ಯಾವ ಭಯ ಎಂದು ಯಾರು ಮೊದಲು ಕೇಳಿದರೋ ನೆನಪಿಲ್ಲ. ನಾನು ಕಬ್ಬಿನ ದಾರಿಯದು ಹೇಳಿದೆ, ಸನಾದಿಯವರದೂ ಹೇಳಿದೆ. ಡಾಕ್ಟರಿಗೆ ಯಾವನೋ ರೋಗಿ ಹಲ್ಲು ಕಿತ್ತದ್ದಕ್ಕೆ ನೋಡಿಕೊಳ್ಳುತ್ತೇನೆ ಎಂದಿದ್ದನಂತೆ; ಆಮೇಲೆ ಅವನೇ ಬಂದು ಇನ್ನೊಂದು ಹಲ್ಲನ್ನೂ ಕೀಳಿಸಿಕೊಂಡು ಹೋದನಂತೆ, ಅಷ್ಟರಲ್ಲಿ ಇವರು ಪಿಸ್ತೂಲು ತಂದಾಗಿತ್ತು. ಮಾಸ್ತರರದು ತೋಟದ ನಡುವಿನ ಒಂಟಿ ಮನೆ. ಕಾರಣ ಅದೇ ಎಂದು ಮೊದಲು ಹೇಳಿದರು. ಎರಡನೆಯ ಚಹಾಕ್ಕೆ ದನಿ ತಗ್ಗಿಸಿ, "ಸಂಧಿ ಸಮಾಸದಾಗ ನಾಪಾಸ ಮಾಡಿದ ಹುಡುಗೂರೆಲ್ಲಾ ಈಗ ದೊಡ್ಡಾವರಾಗ್ಯಾರವಾ," ಎಂದರು. ಡಾಕ್ಟರು ಚಹಾ ನೆತ್ತಿಗೆ ಹತ್ತಿಸಿಕೊಂಡರು. ಊರಿನಲ್ಲಿ ನಾನೊಬ್ಬಳೇ ಅಂಜುಬುರುಕಿ ಎಂದು ತಿಳಿದು ಇಷ್ಟು ದಿನ ಒಬ್ಬಳೇ ಅಂಜಿದ್ದು ಎಂಥ ದಂಡವಾಯಿತಲ್ಲ ಎನ್ನಿಸಿತು.

ಚುನಾವಣೆ ಮುಗಿದ ಮೇಲೆ ಠಾಣೆಯ ಹೆಣ್ಣುಮಗಳು ಫೋನು ಮಾಡಿ, ನಿಮ್ಮದನ್ನು ಒಯ್ಯಿರಿ, ನಮ್ಮ ಕಪಾಟಿನಲ್ಲಿ ಜಾಗವಿಲ್ಲ ಎಂದಳು. ಬರುತ್ತೇನೆ ಎಂದೆ. ಮಾಸ್ತರರಿಗೆ ಫೋನು ಮಾಡಿ ನೀವು ಯಾವಾಗ ಹೋಗುತ್ತೀರಿ ಎಂದು ಕೇಳಿದೆ. ಅವರು ಡಾಕ್ಟರನ್ನು ಕೇಳಿದರು. ಠಾಣೆಗೆ ಒಬ್ಬೊಬ್ಬರೇ ಹೋಗಲು ಮೂವರಿಗೂ ಒಂದು ನಮೂನೆ ಅಂಜಿಕೆ. ಜೊತೆಯಾಗಿ ಹೋದರಾಯಿತೆಂದು ಗುರುವಾರ ಗೊತ್ತುಮಾಡಿದೆವು. ಹೋದೆವು ಕೂಡ. ಮೊದಲು ಚಹಾ ಕುಡಿಯೋಣ ಎಂದು ಕೂತೆವು, ಮಾಸ್ತರರು ಮಾತು ಶುರು ಮಾಡಿದರು, ಎದ್ದಾಗ ಅಂಗಡಿ ತೆರೆಯುವ ಹೊತ್ತಾಗಿತ್ತು. ಈಗ ಮುಂದಿನ ಗುರುವಾರ ಎಂದು ಗೊತ್ತಾಗಿದೆ. ಖಂಡಿತ ತರುತ್ತೇವೆ. ಚಹಾದವನು ಮಾತ್ರ ಇವತ್ತೇ ಕೇಳಿದ, ಗುರುವಾರ ನಿಮಗೆಂದು ಮೂಲೆಯ ಬೆಂಚು ಹಿಡಿದಿಡಲೇ ಎಂದು. ಹಿಡಿದಿಡು ಎಂದಿದ್ದೇನೆ.